ಹುಲ್ಲಣ್ಣನ ಕುದುರೆ ವ್ಯಾಪಾರ

ಬೆಳಿಗ್ಗೆ ಹಲ್ಲುಜ್ಜುತ್ತಾ ಅಂಗಳಕ್ಕೆ ಬಂದ ಹುಲ್ಲಣ್ಣ ತನ್ನ ವ್ಯಾನಿನ ಪಕ್ಕೆಯನ್ನು ಓದಿದ. ಬ್ರಷ್ ನುಂಗುವುದೊಂದು ಬಾಕಿ. ನಿನ್ನೆ ಸಂಜೆಯವರೆಗೆ ಅಲ್ಲಿ ‘ಹುಲ್ಲುಹಾಸು ಕತ್ತರಿಸಿ ಕೊಡಲಾಗುವುದು’ ಎಂಬ ಒಂದೇ ಸಾಲಿತ್ತು. ಈಗ ಅದರ ಕೆಳಗೆ ಕೆಂಪು ಬಣ್ಣದಲ್ಲಿ ‘ಕುದುರೆ ಮೇಯುವ ಬಯಲುಗಳ ಸಮಗ್ರ ನಿರ್ವಹಣೆ: ನಮ್ಮಲ್ಲಿ ಮಾತ್ರ’ ಎಂದು ಇನ್ನೊಂದು ಸಾಲು ಹುಟ್ಟಿಕೊಂಡಿತ್ತು. ಪಕ್ಕದಲ್ಲೇ ಕುದುರೆಯ ಚಿತ್ರ. ಕುದುರೆ ಎಂದು ಬರೆದಿದ್ದರಿಂದ ಅದು ಕುದುರೆ. ಇಲ್ಲದಿದ್ದರೆ ಜ್ವರ ಬಂದ ಕತ್ತೆ ಎನ್ನಬಹುದಿತ್ತು.

ಹೆಂಡತಿಯ ತಮ್ಮ ಕೈಯಲ್ಲಿ ಬಣ್ಣದ ಡಬ್ಬಿ ಹಿಡಿದು ತನ್ನ ಕಲೆಯನ್ನು ದೂರದಿಂದ ನೋಡಿ ಆನಂದಿಸುತ್ತಿದ್ದ.

“ಏನೋ ಇದು?” ಎಂದ ಹುಲ್ಲಣ್ಣ, ಬಾಯಿತುಂಬ ನೊರೆ.

“ವಿಸ್ತರಣೆ, ಭಾವ. ನಿನ್ನೆ ಒಂದು ಭಾಷಣ ಕೇಳ್ದೆ. ಯಾರೂ ಇಲ್ಲದ ಜಾಗಕ್ಕೆ ಮೊದಲು ಹೋಗಿ ನಿಂತವನೇ ಗೆಲ್ಲೋದಂತೆ.”

“ಈ ಊರಲ್ಲಿ ಕುದುರೆ ಎಲ್ಲಿದೆಯೋ?”

“ಅದಕ್ಕೇ ಪೈಪೋಟಿನೂ ಇಲ್ಲ ನೋಡಿ!”

ಹುಲ್ಲಣ್ಣ ನೊರೆ ಉಗುಳಿದ, ಬೈಗುಳ ನುಂಗಿದ. ಹುಲ್ಲಣ್ಣ ಎಂಬುದು ಬಡಾವಣೆಯ ಜನ ಇಟ್ಟ ಹೆಸರು. ಅಲ್ಲಿನ ಮನೆಗಳ ಮುಂದಿನ ಹುಲ್ಲನ್ನೆಲ್ಲ ಕತ್ತರಿಸುವ ಗುತ್ತಿಗೆ ಬಹಳ ವರ್ಷಗಳಿಂದ ಅವನದೇ. ಅವನ ಯಂತ್ರ ಅವನ ಮದುವೆಗಿಂತ ಹಳೆಯದು. ಸದ್ದಿನಲ್ಲಿ ಮಾತ್ರ ಎರಡೂ ಸಮಸಮ ಎಂದು ಹೆಂಡತಿ ಮನೆಯಲ್ಲಿಲ್ಲದಾಗ ಅವನು ಹೇಳುವುದುಂಟು. ಆದರೆ ಈಚೆಗೆ ಸಮವಸ್ತ್ರ ತೊಟ್ಟ ಕಂಪನಿಯೊಂದು ಬಡಾವಣೆಗೆ ಬಂದು ಬಣ್ಣದ ಕಾಗದಗಳನ್ನು ಹಂಚಿ ಹೋಗಿತ್ತು. ನಿವಾಸಿಗಳ ಸಂಘದ ಅಧ್ಯಕ್ಷರು “ತತ್ವತಃ ನಮಗೆ ನೀವೇ ಬೇಕು, ಆದರೆ…” ಎಂದು ಆ ‘ಆದರೆ’ಯನ್ನು ಗಾಳಿಯಲ್ಲಿ ತೂಗುಹಾಕಿ ಬಿಟ್ಟಿದ್ದರು. ಗುತ್ತಿಗೆ ಯಾರಿಗೆಂದು ಇಂದು ಸಂಜೆಯೊಳಗೆ ತಿಳಿಸುವುದಾಗಿ ಹೇಳಿದ್ದರು. ಅಂಥ ದಿನ ಈ ಕುದುರೆ!

“ಒರೆಸು ಅದನ್ನ, ಮೊದಲು,” ಎಂದ ಹುಲ್ಲಣ್ಣ.

ಅಷ್ಟರಲ್ಲಿ ಒಳಗಿನಿಂದ ಹೆಂಡತಿ ಫೋನ್ ಹಿಡಿದು ಓಡಿ ಬಂದಳು. “ಏನ್ರೀ, ಯಾರೋ ಡಾಕ್ಟರಮ್ಮ. ಬೆಳಿಗ್ಗೆ ವಾಕಿಂಗ್ ಹೋಗ್ತಾ ನಮ್ಮ ವ್ಯಾನ್ ನೋಡಿದ್ರಂತೆ. ಅವರ ಹತ್ರ ಕುದುರೆ ಇದೆಯಂತೆ!”

ಭಾವಮೈದ ಹುಬ್ಬನ್ನು ಒಂದಿಷ್ಟು ಏರಿಸಿದ. ಬಣ್ಣ ಒರೆಸಬೇಕಿದ್ದ ಬಟ್ಟೆಯಿಂದ ತನ್ನ ಬೆರಳುಗಳನ್ನು ಒರೆಸಿಕೊಂಡ.

ಡಾಕ್ಟರಮ್ಮ ನಿವೃತ್ತ ದಂತವೈದ್ಯೆ. ಬಡಾವಣೆ ಮುಗಿದು ಬಯಲು ಶುರುವಾಗುವ ಕಡೆ, ಹೊಸದಾಗಿ ಕೊಂಡ ಮನೆಯಲ್ಲಿದ್ದರು. ಬಾಗಿಲು ತೆರೆದವರೇ ಹುಲ್ಲಣ್ಣನ ಮುಖ ನೋಡಲಿಲ್ಲ, ಬಾಯಿ ನೋಡಿದರು.

“ಕೆಳಗಿನ ದವಡೆ ಹಲ್ಲು ಹುಳುಕಾಗಿದೆ. ಕುದುರೆ ಬಗ್ಗೆ ಗೊತ್ತೇನ್ರೀ ನಿಮಗೆ?”

“ಚೆನ್ನಾಗಿ ಗೊತ್ತು, ಮೇಡಂ,” ಎಂದ ಹುಲ್ಲಣ್ಣ. ಅವನಿಗೆ ಗೊತ್ತಿದ್ದುದು ಚದುರಂಗದ ಕುದುರೆ. ಅದು ಎರಡೂವರೆ ಮನೆ ಹಾರುತ್ತದೆ ಎಂಬಲ್ಲಿಗೆ ಅವನ ಅಶ್ವಶಾಸ್ತ್ರ ಸಮಾಪ್ತಿ.

ಮನೆಯ ಹಿಂದೆ ಮರದ ಬೇಲಿ ಹಾಕಿದ ಬಯಲು. ನಡುವೆ ಮಿಠಾಯಿ ಎಂಬ ಬಿಳಿ ಹೆಣ್ಣು ಕುದುರೆ. ವಯಸ್ಸಾಗಿತ್ತು, ಮೈ ತುಂಬಿತ್ತು. ತಲೆಯೆತ್ತಿ ಹುಲ್ಲಣ್ಣನನ್ನು ನೋಡಿದ ರೀತಿಯಲ್ಲಿ ಸೊಸೆ ತಂದ ಪಾತ್ರೆಪಡಗ ಎಣಿಸುವ ಅತ್ತೆಯ ಗಾಂಭೀರ್ಯವಿತ್ತು. ಕುದುರೆ ಕಂಡರೆ ಕಾಲುನೋವು ಎಂಬ ಗಾದೆಯನ್ನು ಹುಲ್ಲಣ್ಣ ಕೇಳಿದ್ದ. ಅವನಿಗೆ ಕಾಲು, ಸೊಂಟ, ಎದೆ, ಎಲ್ಲವೂ ಒಟ್ಟಿಗೆ ನೊಂದವು.

“ಲದ್ದಿ ಎತ್ತಿ ಬಕೆಟ್‌ಗೆ ತುಂಬಿ. ಅಲ್ಲಿ ಹಳದಿ ಹೂವಿನ ಕಳೆ ಇದೆ, ಬೇರು ಸಮೇತ ಕೀಳಿ, ಕುದುರೆಗೆ ಅದು ವಿಷ. ಅದು ಮುಟ್ಟದೆ ಬಿಟ್ಟಿರೋ ಒರಟು ಹುಲ್ಲನ್ನಷ್ಟೇ ಕತ್ತರಿಸಿ. ಬೋಳು ಮಾಡಿಬಿಟ್ಟೀರಾ ಮತ್ತೆ!” ಎಂದರು ಡಾಕ್ಟರಮ್ಮ. “ಸಾಧು ಪ್ರಾಣಿ, ಏನೂ ಮಾಡಲ್ಲ. ನಾನು ಒಳಗೆ ಸ್ವಲ್ಪ ಅಡ್ಡಾಗ್ತೀನಿ.”

ಹುಲ್ಲಣ್ಣ ಲದ್ದಿಗೆ ಬಗ್ಗಿದ. ಕುದುರೆ ಬಂದು ಅವನ ಹಿಂದೆ ನಿಂತಿತು. ಅವನು ಸರಿದ. ಕುದುರೆಯೂ ಸರಿಯಿತು. ಯಂತ್ರ ಶುರುಮಾಡಿದರೆ ಹೆದರಿ ದೂರ ಹೋದೀತೆಂದು ಯಂತ್ರದ ಹಗ್ಗ ಎಳೆದ. ಇಡೀ ಬಡಾವಣೆಯನ್ನು ಎಬ್ಬಿಸುವ ಆ ಯಂತ್ರದ ಆರ್ಭಟಕ್ಕೆ ಮಿಠಾಯಿ ಒಂದು ಕಿವಿಯನ್ನು ಮಾತ್ರ ಅಲ್ಲಾಡಿಸಿತು. ಆಮೇಲೆ ಮುಂದೆ ಬಂದು, ಅವನ ಭುಜದ ಚೀಲದೊಳಗೆ ಮೂತಿ ಹಾಕಿ, ಮಧ್ಯಾಹ್ನದ ಬುತ್ತಿಯನ್ನು ಸುತ್ತಿದ ಕಾಗದದ ಸಮೇತ ತಿಂದು ಮುಗಿಸಿತು.

ಹುಲ್ಲಣ್ಣ ಯಂತ್ರ ನಿಲ್ಲಿಸಿ, ಬೇಲಿಗೆ ಬೆನ್ನು ಕೊಟ್ಟು ಭಾವಮೈದನಿಗೆ ಫೋನ್ ಮಾಡಿದ. ಕುದುರೆ ಕೇಳಿಸಿಕೊಂಡೀತೆಂದು ಪಿಸುದನಿಯಲ್ಲೇ ಅಂದ: “ಲೋ, ಇದು ನನ್ನ ಬಿಡ್ತಾ ಇಲ್ಲ ಕಣೋ. ಏನು ಮಾಡ್ಲಿ?”

“ಗಾಬರಿ ಬೇಡ, ಭಾವ. ನಾನು ಈಗ ಅದನ್ನೇ ಓದ್ತಾ ಇದೀನಿ. ಕುದುರೆ ಹಿಂದೆ ಮಾತ್ರ ನಿಲ್ಲಬೇಡಿ, ಒದೆಯುತ್ತೆ.”

“ಮುಂದೆ ನಿಂತಿದೀನಿ.”

“ಅಯ್ಯೋ, ಮುಂದೆ ನಿಂತ್ರೆ ಕಚ್ಚುತ್ತಂತೆ.”

“ಪಕ್ಕಕ್ಕೆ ಬರ್ಲಾ?”

“ಪಕ್ಕದಲ್ಲಿದ್ರೆ ಕಾಲು ತುಳಿಯುತ್ತೆ ಅಂತ ಬರೆದಿದೆ.”

“ಹಾಗಾದ್ರೆ ನಾನು ಎಲ್ಲಿ ನಿಲ್ಲಬೇಕೋ, ಅದರ ತಲೆ ಮೇಲೆ?”

ಆ ಕಡೆ ಸ್ವಲ್ಪ ಹೊತ್ತು ಹುಡುಕಾಟ ನಡೆಯಿತು. “ಗೇಟಿನ ಆಚೆ ನಿಂತ್ರೆ ಉತ್ತಮ, ಭಾವ.”

ಹುಟ್ಟಿದಾಗಿನಿಂದ ಭಾವಮೈದ ಕೊಟ್ಟ ಒಂದೇ ಒಂದು ಬುದ್ಧಿವಂತ ಸಲಹೆ ಅದೆಂದು ಹುಲ್ಲಣ್ಣನಿಗೆ ಅನ್ನಿಸಿತು. ಫೋನನ್ನು ಜೇಬಿಗೆ ತುರುಕಿ, ಬಕೆಟ್ ಎತ್ತಿಕೊಂಡು ಆಚೆ ನುಗ್ಗಿ, ಗೇಟನ್ನು ದಢಾರನೆ ಎಳೆದುಕೊಂಡ. ಎಳೆದ ರಭಸಕ್ಕೆ ಚಿಲಕ ಸಿಕ್ಕಿಕೊಳ್ಳದೆ ಮೇಲೆಯೇ ಉಳಿಯಿತು. ಅದನ್ನು ಅವನು ನೋಡಲಿಲ್ಲ, ಕುದುರೆ ನೋಡಿತು. ಮೂಗಿನಿಂದ ಗೇಟನ್ನು ಮೆಲ್ಲಗೆ ದೂಡಿ, ಅವನ ಪಕ್ಕದಿಂದಲೇ ಹಾದು, ಮದುವೆಮನೆಗೆ ಹೊರಟ ದೊಡ್ಡಮ್ಮನಂತೆ ಠೀವಿಯಿಂದ ರಸ್ತೆಗಿಳಿದು ಬಡಾವಣೆಯ ಕಡೆ ನಡೆಯಿತು.

“ಮಿಠಾಯಿ! ಅಮ್ಮಾ! ತಾಯೀ!” ಎನ್ನುತ್ತಾ ಹುಲ್ಲಣ್ಣ ಬಕೆಟ್ ಸಮೇತ ಹಿಂದೆ ಓಡಿದ. ಹಿಡಿಯೋಣವೆಂದರೆ ಹಗ್ಗವಿಲ್ಲ. ಅಡ್ಡ ಹೋಗೋಣವೆಂದರೆ ಧೈರ್ಯವಿಲ್ಲ. ಬಡಾವಣೆಗೆ ಹೊಕ್ಕ ಮಿಠಾಯಿ ಎರಡೂ ಬದಿಯ ಮನೆಗಳನ್ನು ನಿಧಾನವಾಗಿ ಪರಿಶೀಲಿಸಿತು. ಇಷ್ಟೊಂದು ಮನೆಗಳಿದ್ದವು. ಅದು ಆರಿಸಿಕೊಂಡದ್ದು ಅಧ್ಯಕ್ಷರ ಮನೆಯನ್ನು.

ಹುಲ್ಲಣ್ಣ ಅಲ್ಲಿಗೆ ತಲುಪುವಷ್ಟರಲ್ಲಿ ಅದು ಹುಲ್ಲುಹಾಸಿನ ಮೇಲೆ ನಿಂತು ಕರ್ ಕರ್ ಎಂದು ಕೆಲಸ ಶುರುಮಾಡಿಯಾಗಿತ್ತು. ಅಧ್ಯಕ್ಷರು ಬನಿಯನ್ನಿನಲ್ಲೇ ಹೊರಬಂದರು. ಎದುರುಮನೆಯಿಂದ ಸಾವಯವ ಆಂಟಿ ಇಳಿದು ಬಂದರು. ಸೋಪಿನಿಂದ ಹಿಡಿದು ಸಿಟ್ಟಿನವರೆಗೆ ಎಲ್ಲವೂ ನೈಸರ್ಗಿಕವಾಗಿರಬೇಕೆನ್ನುವವರು ಅವರು. ಮಿಕ್ಕ ಮನೆಗಳ ಕಿಟಕಿಗಳಲ್ಲೂ ತಲೆಗಳು ಮೂಡಿದವು.

“ಏನ್ರೀ ಇದು?” ಎಂದರು ಅಧ್ಯಕ್ಷರು.

“ಕುದುರೆ, ಸಾರ್,” ಎಂದ ಹುಲ್ಲಣ್ಣ. ಆ ಕ್ಷಣಕ್ಕೆ ಅವನ ಬಳಿಯಿದ್ದ ನಿಜ ಅದೊಂದೇ. ಗುತ್ತಿಗೆ ಕೈಬಿಟ್ಟು ಹೋಗುವ ಸದ್ದು ಅವನಿಗೆ ಕಿವಿಯಾರೆ ಕೇಳಿಸುತ್ತಿತ್ತು.

ಅಷ್ಟರಲ್ಲಿ ಸ್ಕೂಟರ್ ಬಂದು ನಿಂತಿತು. ಭಾವನ ಫೋನು ಅರ್ಧಕ್ಕೆ ಕಡಿದದ್ದಕ್ಕೆ ಹೆದರಿ ಬಯಲಿನ ಕಡೆ ಹೊರಟಿದ್ದ ಭಾವಮೈದ ಒಂದೇ ನೋಟದಲ್ಲಿ ಎಲ್ಲವನ್ನೂ ಅರ್ಥಮಾಡಿಕೊಂಡ, ಅಥವಾ ಏನನ್ನೂ ಅರ್ಥಮಾಡಿಕೊಳ್ಳಲಿಲ್ಲ. ಅವನ ಬಾಯಿಗೆ ಎರಡೂ ಒಂದೇ.

“ನಮಸ್ಕಾರ! ಇದು ನಮ್ಮ ಹೊಸ ಸೇವೆ. ಪ್ರಾಯೋಗಿಕವಾಗಿ ಅಧ್ಯಕ್ಷರ ಮನೆಯಿಂದಲೇ ಆರಂಭ. ಹೊಗೆ ಇಲ್ಲ, ಸದ್ದಿಲ್ಲ, ಪೆಟ್ರೋಲ್ ವಾಸನೆ ಇಲ್ಲ!”

ಹುಲ್ಲಣ್ಣ ಕಣ್ಣು ಮುಚ್ಚಿಕೊಂಡ. ಬೈಗುಳದ ಮಳೆಗೆ ಕಾದ. ಮಳೆ ಬರಲಿಲ್ಲ.

“ಸದ್ದೇ ಇಲ್ಲ, ಅಲ್ವಾ,” ಎಂದರು ಅಧ್ಯಕ್ಷರು, ಯೋಚಿಸುತ್ತಾ. “ತತ್ವತಃ ನಾನು ಮಧ್ಯಾಹ್ನ ಮಲಗಿ ಎಷ್ಟು ವರ್ಷ ಆಯ್ತು!”

“ಎಷ್ಟು ನೈಸರ್ಗಿಕ!” ಎಂದು ಸಾವಯವ ಆಂಟಿ ಕೈ ಜೋಡಿಸಿದರು. “ಆ ಮುಖದಲ್ಲಿ ಏನು ಶಾಂತಿ ನೋಡಿ. ಹುಲ್ಲಣ್ಣ, ಇದಾದ್ಮೇಲೆ ನಮ್ಮನೆಗೆ ಕಳಿಸಿಬಿಡಿ.”

ಮಿಠಾಯಿ ಬಾಲವೆತ್ತಿ ಅಧ್ಯಕ್ಷರ ಮೆಟ್ಟಿಲ ಬುಡದಲ್ಲಿ ದೊಡ್ಡದೊಂದು ರಾಶಿ ಹಾಕಿತು. ಕಿಟಕಿಗಳ ತಲೆಗಳೆಲ್ಲ ಅಧ್ಯಕ್ಷರತ್ತ ತಿರುಗಿದವು.

“ಗೊಬ್ಬರ,” ಎಂದ ಭಾವಮೈದ. “ಅದು ಉಚಿತ.”

ಜನ ಚಪ್ಪಾಳೆ ತಟ್ಟಿದರು. ಮನೆಮನೆಯವರೂ ನಮಗೆ ಮೊದಲು, ನಮಗೆ ಮೊದಲು ಎಂದು ಮುಗಿಬಿದ್ದರು. ಸಮವಸ್ತ್ರದ ಕಂಪನಿಯ ಮಾತೆತ್ತಿದವನನ್ನು ಸಾವಯವ ಆಂಟಿ ಕಣ್ಣಿನಲ್ಲೇ ಸುಟ್ಟರು. ಅಧ್ಯಕ್ಷರು ಒಳಹೋಗಿ ಅಂಗಿ ತೊಟ್ಟು ಬಂದು, ಈ ಕುದುರೆಗೆ ಗುತ್ತಿಗೆ ಕೊಡುವುದು ಇಡೀ ಸಂಘಕ್ಕೇ ಗೌರವವೆಂದು ಘೋಷಿಸಿದರು. ಹುಲ್ಲಣ್ಣನ ಎದೆ ಉಬ್ಬಿತು. ಬೆಳಿಗ್ಗೆಯಿಂದ ಮೊದಲ ಬಾರಿಗೆ ಅವನು ಮಿಠಾಯಿಯ ಕುತ್ತಿಗೆ ಸವರಿದ. ಭಾವಮೈದನ ಬೆನ್ನನ್ನೂ ತಟ್ಟಿದ. ಮದುವೆಯಾದಾಗಿನಿಂದ ಅದೂ ಇದೇ ಮೊದಲು.

“ಮಿಠಾಯೀ!”

ರಸ್ತೆಯ ತುದಿಯಿಂದ ಡಾಕ್ಟರಮ್ಮ ಬರುತ್ತಿದ್ದರು. ಕೆದರಿದ ಕೂದಲು, ಕೈಯಲ್ಲಿ ಹಗ್ಗ. ಹಗ್ಗ ಕುದುರೆಗೋ ತನಗೋ ಎಂದು ಹುಲ್ಲಣ್ಣನಿಗೆ ಸಂಶಯವಾಯಿತು. ಅವರು ಯಾರನ್ನೂ ಗಮನಿಸದೆ ನೇರ ಕುದುರೆಯ ಬಳಿ ಹೋಗಿ, ತುಟಿ ಎತ್ತಿ ಹಲ್ಲು ನೋಡಿ, ಹೊಟ್ಟೆ ಮುಟ್ಟಿ, ಆಮೇಲೆ ತಿರುಗಿದರು.

“ಯಾರು ಬಿಟ್ಟಿದ್ದು ಇದನ್ನ?”

ಹುಲ್ಲಣ್ಣ ಲದ್ದಿಯ ಬಕೆಟ್ಟನ್ನು ಬೆನ್ನ ಹಿಂದೆ ಅಡಗಿಸಿದ. ಭಾವಮೈದ ಸ್ಕೂಟರಿನ ಕನ್ನಡಿ ಒರೆಸತೊಡಗಿದ. ಉತ್ತರ ಕೊಟ್ಟವರು ಸಾವಯವ ಆಂಟಿ. ಹೊಸ ಸೇವೆ, ನಿಶ್ಶಬ್ದ, ನಿಸರ್ಗ, ಗೊಬ್ಬರ, ಎಲ್ಲವನ್ನೂ ಒಂದೇ ಉಸಿರಿನಲ್ಲಿ ವರ್ಣಿಸಿದರು. ಡಾಕ್ಟರಮ್ಮನ ಮುಖದ ಕೋಪ ಹಂತಹಂತವಾಗಿ ಕರಗಿ, ಅಲ್ಲಿ ಬೇರೇನೋ ಮೂಡತೊಡಗಿತು.

“ಒಂದು ನಿಮಿಷ,” ಎಂದರು ಅಧ್ಯಕ್ಷರು. “ಹಾಗಾದ್ರೆ ಕುದುರೆ ನಿಮ್ಮದೋ, ಹುಲ್ಲಣ್ಣನದೋ?”

“ನನ್ನದು. ಇವರು ಲದ್ದಿ ಎತ್ತೋಕೆ ಬಂದವರು.”

ಅಧ್ಯಕ್ಷರು ಕನ್ನಡಕ ಸರಿಮಾಡಿಕೊಂಡರು. “ತತ್ವತಃ, ಹುಲ್ಲು ಕತ್ತರಿಸ್ತಾ ಇರೋದು ಕುದುರೆ. ಕುದುರೆ ಇವರದ್ದು. ಗುತ್ತಿಗೆ ನೇರವಾಗಿ ಇವರಿಗೇ ಕೊಟ್ಟರಾಯ್ತು. ನಡುವೆ ಹುಲ್ಲಣ್ಣ ಯಾಕೆ?”

ಯಾಕೆ ಎಂದು ಎಲ್ಲರೂ ಹುಲ್ಲಣ್ಣನತ್ತ ನೋಡಿದರು. ಅವನೂ ಯೋಚಿಸಿದ. ಅವನಿಗೂ ಕಾರಣ ಸಿಗಲಿಲ್ಲ.

“ಮೇಡಂ, ಇಷ್ಟು ದೊಡ್ಡ ವ್ಯವಹಾರ ನೋಡ್ಕೊಳ್ಳೋಕೆ ಒಬ್ಬ ಮ್ಯಾನೇಜರ್ ಬೇಕಾಗುತ್ತೆ,” ಎಂದು ಭಾವಮೈದ ಹುಲ್ಲಣ್ಣನ ಪಕ್ಕದಿಂದ ಸರಿದು ಡಾಕ್ಟರಮ್ಮನ ಪಕ್ಕಕ್ಕೆ ಹೋಗಿ ನಿಂತ. ಅವರು ಅವನ ಹಲ್ಲು ನೋಡಿದರು. ಹಲ್ಲು ಚೆನ್ನಾಗಿದ್ದವು. ಕೆಲಸ ಸಿಕ್ಕಿತು.

ಜನ ಚದುರಿದರು. ಅಧ್ಯಕ್ಷರು ನಿದ್ದೆಗೆ ಹೋದರು. ಹಗ್ಗ ಹಿಡಿದು ಹೊರಟ ಡಾಕ್ಟರಮ್ಮನ ಹಿಂದೆ ಹುಲ್ಲಣ್ಣ ಕೊನೆಯ ಆಸೆಯೊಂದನ್ನು ಹಿಡಿದು ಓಡಿದ.

“ಮೇಡಂ, ಮಿಠಾಯಿ ಇನ್ಮೇಲೆ ದಿನಾ ಇಲ್ಲೇ ಹೊಟ್ಟೆ ತುಂಬಿಸ್ಕೊಳ್ಳುತ್ತೆ. ನಿಮ್ಮ ಬಯಲಲ್ಲಿ ಹುಲ್ಲು ಎದೆಮಟ್ಟ ಬೆಳೆದುಬಿಡುತ್ತಲ್ಲ? ಅದನ್ನ ನಾನು ವಾರಕ್ಕೊಮ್ಮೆ ಬಂದು ಕತ್ತರಿಸಿ…”

ಡಾಕ್ಟರಮ್ಮ ನಿಂತರು. “ಹೌದಲ್ಲ! ಒಳ್ಳೇದು ನೆನಪಿಸಿದ್ರಿ.” ಅವರು ಮ್ಯಾನೇಜರ್ ಕಡೆ ತಿರುಗಿದರು. “ಬರ್ಕೊಳ್ಳಪ್ಪ, ನಮ್ಮ ಬಯಲಿನ ಹುಲ್ಲಿಗೆ ಇನ್ನೊಂದು ಕುದುರೆ ತರಬೇಕು.”

ಆಮೇಲೆ ಹುಲ್ಲಣ್ಣನ ಮುಖ ನೋಡಿ ಅವರಿಗೆ ಕನಿಕರ ಉಂಟಾಗಿರಬೇಕು. ಅಥವಾ ಮಿಠಾಯಿ ಅದೇ ಹೊತ್ತಿಗೆ ಮತ್ತೊಮ್ಮೆ ಬಾಲವೆತ್ತಿದ್ದರಿಂದ ಇರಬಹುದು.

“ನಿಮಗೂ ಕೆಲಸ ಇದೆ ಕಣ್ರೀ, ಬೇಜಾರು ಮಾಡ್ಕೋಬೇಡಿ. ಕುದುರೆ ಹಿಂದೆ ಒಬ್ಬರು ಇರಲೇಬೇಕು. ನಾಳೆಯಿಂದ ಬನ್ನಿ.”

“ಬರ್ತಾರೆ ಬಿಡಿ, ಮೇಡಂ,” ಎಂದ ಭಾವಮೈದ, ಹೊಸ ಅಧಿಕಾರದ ದನಿಯಲ್ಲಿ. “ನೋಡಿ, ಭಾವ, ಟೈಮಿಗೆ ಸರಿಯಾಗಿ ಬರಬೇಕು. ನಮ್ಮ ಮನೆಯವರು ಅಂತ ನಾನು ರಿಯಾಯಿತಿ ತೋರಿಸೋಕಾಗಲ್ಲ.”