ಕೆಂಟನ್ನಿನ ಮೂರನೇ ಅಭ್ಯರ್ಥಿ

ಅಮೆರಿಕದ ಅಧ್ಯಕ್ಷರ ಚುನಾವಣೆಗೆ ಇನ್ನೆರಡೇ ದಿನ ಉಳಿದಿದ್ದ ಭಾನುವಾರ ಬೆಳಗ್ಗೆ, ಬ್ರಿಟನ್ನಿನ ಕೆಂಟನ್ ಬಡಾವಣೆಯ ರಾಮಪ್ರಸಾದ ಕೈಯಲ್ಲಿದ್ದ ಕಾಫಿ ಆರಿಹೋಗುತ್ತಿದ್ದರೂ ಲೆಕ್ಕಿಸದೆ ಕನ್ನಡ ಸಂಘದ ವಾಟ್ಸಾಪ್ ಗುಂಪಿಗೆ ಮೊಳದುದ್ದದ ಸಂದೇಶವೊಂದನ್ನು ಬರೆದ. ಅವನಿಗೆ ಓಟಿದ್ದದ್ದು ಅಲ್ಲಿನ ಸ್ಥಳೀಯ ಆಡಳಿತವಾದ ಬ್ರೆಂಟ್ ಕೌನ್ಸಿಲ್ಲಿಗೆ. ತಲೆನೋವು ಮಾತ್ರ ಫ್ಲೋರಿಡಾದ್ದು.

"ಎರಡು ಸಾವಿರನೇ ಇಸವಿಯಲ್ಲಿ ಫ್ಲೋರಿಡಾದಲ್ಲಿ ಗೆದ್ದವನಿಗೂ ಸೋತವನಿಗೂ ಅಂತರ ಐನೂರ ಮೂವತ್ತೇಳು ಓಟು. ಮೂರನೆಯವನು ತೊಗೊಂಡಿದ್ದು ತೊಂಬತ್ತೇಳು ಸಾವಿರ. ಆಟ ಕೆಡಿಸಿದ್ದು ಅವನೇ ಅಂತ ಇವತ್ತಿಗೂ ಬೈತಾರೆ. ಶುದ್ಧ ತಪ್ಪು! ಅವನು ನಿಲ್ಲದಿದ್ದರೆ ಆ ಜನ ಮನೆಯಲ್ಲಿ ಮಲಗಿರುತ್ತಿದ್ದರು. ಮೂರನೇ ಅಭ್ಯರ್ಥಿ ಯಾರ ಓಟನ್ನೂ ತಿನ್ನುವುದಿಲ್ಲ."

ಪಕ್ಕದ ಬೀದಿಯ ಅಮರ ತಕ್ಷಣ ಉತ್ತರಿಸಿದ: "ಹಂಗಾದ್ರೆ ಸಾರ್, ಇವತ್ತು ನಮ್ಮ ಸಂಘಕ್ಕೂ ನೀವೇ ಮೂರನೆಯವರಾಗಿ ನಿಂತುಬಿಡಿ."

ಗುಂಪಿನ ತುಂಬ ನಗುವ ಮುಖಗಳು ಬಿದ್ದವು. ರಾಮಪ್ರಸಾದನಿಗೆ ಮಾತ್ರ ನಗು ಬರಲಿಲ್ಲ.

ಯಾಕೆಂದರೆ ಅಂದು ಮಧ್ಯಾಹ್ನ ರಾಜ್ಯೋತ್ಸವದ ಊಟವಾದ ಮೇಲೆ ಸಂಘದ ಅಧ್ಯಕ್ಷರ ಚುನಾವಣೆ. ಹದಿನೆಂಟು ವರ್ಷಗಳಲ್ಲಿ ಎಲ್ಲರೂ ಅವಿರೋಧವಾಗಿಯೇ ಆರಿಸಿಬಂದಿದ್ದರು. ಈ ಸಲವೇ ಮೊದಲ ಬಾರಿಗೆ ಇಬ್ಬರು ಎದುರುಬದುರು ನಿಂತಿದ್ದರು: ಪಕ್ಕದ ಸ್ಟ್ಯಾನ್ಮೋರಿನ ಹಲ್ಲಿನ ಡಾಕ್ಟರು ವಿಶ್ವನಾಥ್ ಮತ್ತು ಕೆಂಟನ್ನಿನಲ್ಲೇ ನೆಲೆಸಿದ್ದ ಧಾರವಾಡದ ಶಿವಕ್ಕ. ಓಟಿನ ಪೆಟ್ಟಿಗೆ ಇಲ್ಲ, ಚೀಟಿ ಇಲ್ಲ. ಎಲ್ಲರೆದುರು ಕೈ ಎತ್ತಬೇಕು.

ರಾಮಪ್ರಸಾದನ ಕೈ ಸಿಕ್ಕಿಬಿದ್ದದ್ದೇ ಅಲ್ಲಿ. ಅವನ ಬ್ರಿಟಿಷ್ ಪೌರತ್ವದ ಅರ್ಜಿಗೆ 'ಈ ಮನುಷ್ಯನನ್ನು ನಾನು ಬಲ್ಲೆ' ಎಂದು ಸಹಿ ಹಾಕಬೇಕಾಗಿದ್ದವರು ವಿಶ್ವನಾಥ್. ಅವನ ಮಗಳು ಸಾನ್ವಿಯನ್ನು ಸ್ಕೂಲಿನಿಂದ ಕರೆತಂದು ಸಂಜೆ ಆರರವರೆಗೆ ನೋಡಿಕೊಳ್ಳುತ್ತಿದ್ದವರು ಶಿವಕ್ಕ. ಅವರು ಒಲ್ಲೆ ಎಂದರೆ ಗಂಡಹೆಂಡಿರಲ್ಲಿ ಒಬ್ಬರು ಕೆಲಸ ಬಿಡಬೇಕು.

ಒಂಬತ್ತಕ್ಕೆ ವಿಶ್ವನಾಥರ ಫೋನ್ ಬಂತು. ಹಲ್ಲು ಕೀಳುವ ಮೊದಲು ಡಾಕ್ಟರುಗಳಿಗೆ ಬರುವ ಮೃದು ದನಿ.

"ರಾಮಪ್ರಸಾದ್, ನಿಮ್ಮ ಫಾರಂ ನನ್ನ ಬ್ಯಾಗಲ್ಲೇ ಇದೆ. ಎಲೆಕ್ಷನ್ ಮುಗೀಲಿ, ಅಲ್ಲೇ ಸೈನ್ ಮಾಡ್ಕೊಡ್ತೀನಿ. ಆಮೇಲೆ, ಸ್ವಲ್ಪ ಮುಂದಿನ ಸಾಲಲ್ಲೇ ಕೂತ್ಕೊಳ್ಳಿ. ಹಿಂದೆ ಕೂತೋರ ಕೈ ನನಗೆ ಸರಿಯಾಗಿ ಕಾಣ್ಸಲ್ಲ."

ಫೋನ್ ಇಡುವಷ್ಟರಲ್ಲಿ ಬಾಗಿಲ ಗಂಟೆ. ಶಿವಕ್ಕ ಶೇಂಗಾ ಹೋಳಿಗೆಯ ಡಬ್ಬಿ ಹಿಡಿದು ನಿಂತಿದ್ದರು.

"ಸಾನ್ವಿಗೆ ಸೇರತಾವಂತ ತಂದೆ. ಓಟು ಕೇಳಾಕ ಬಂದಿಲ್ಲೋ ತಮ್ಮಾ. ನಮ್ಮ ಮನ್ಯಾಗ ಆಡೂ ಕೂಸಿನ ಅಪ್ಪಗ ಓಟು ಕೇಳೂದಂದ್ರ ಏನು, ಅಂವಗಽ ಗೊತ್ತಿರತದ."

ಅವರು ಹೋದ ಮೇಲೆ ರಾಮಪ್ರಸಾದ ಸೋಫಾದ ಮೇಲೆ ಕುಸಿದ. "ಶ್ರೀವಿದ್ಯಾ, ಭುಜ ನೋವು, ಕೈ ಎತ್ತಕ್ಕಾಗಲ್ಲ ಅಂದುಬಿಡ್ಲಾ?"

"ಎರಡು ಭುಜಾನೂ ನೋವಾ?" ಎಂದಳು ಹೆಂಡತಿ.

"ಜ್ವರ ಅಂತ ಮನೇಲೇ ಇದ್ದುಬಿಟ್ರೆ?"

"ಹೋಳಿಗೆ ಕೊಡೋಕೆ ಬಂದೋರು ಈಗ ತಾನೇ ನೋಡ್ಕೊಂಡು ಹೋದ್ರಲ್ಲ, ಗುಂಡುಕಲ್ಲಿನ ಹಾಗಿದ್ರಿ."

ಕೊನೆಗೆ ಅವನ ಕಣ್ಣು ಅಮರನ ಸಂದೇಶದ ಮೇಲೆ ಬಿತ್ತು. ಕಿಕ್ಕಿರಿದ ಟ್ಯೂಬ್ ರೈಲಿನಲ್ಲಿ ಸೀಟು ಸಿಕ್ಕವನಂತೆ ಮುಖ ಅರಳಿತು. ತಾನೇ ನಿಂತರೆ? ಅಭ್ಯರ್ಥಿಯಾದವನು ತನಗೆ ತಾನೇ ಕೈ ಎತ್ತಿಕೊಳ್ಳುವುದು ಧರ್ಮ. ಇಬ್ಬರಲ್ಲಿ ಯಾರೂ ತಪ್ಪು ತಿಳಿಯುವಂತಿಲ್ಲ. ಒಂದೇ ಓಟು ಬಿದ್ದು ಗೌರವವಾಗಿ ಸೋಲುವುದು, ಫಾರಂ ಇಸಕೊಂಡು ಮಗಳ ಕೈ ಹಿಡಿದು ಮನೆಗೆ ಬರುವುದು!

ಸಂಘದ ಸಭಾಂಗಣದಲ್ಲಿ ಊಟವಾಯಿತು. ಸಭೆಯ ಹಿರಿಯರೂ ಚುನಾವಣಾಧಿಕಾರಿಯೂ ಆದ ವಿಜಯಪುರದ ಜಗದೇವಪ್ಪನವರು ಕನ್ನಡಕ ಏರಿಸಿ, "ಮತ್ತ ಯಾರರ ನಿಲ್ಲಾವ್ರು ಅದೀರೇನು?" ಎಂದು ವಾಡಿಕೆಗೆ ಕೇಳಿದರು.

ರಾಮಪ್ರಸಾದ ಎದ್ದು ನಿಂತ. "ನಾನು."

ಮೊದಲು ಬಂದವರು ವಿಶ್ವನಾಥ್. ಅವನನ್ನು ನೀರಿನ ಜಗ್ಗಿಟ್ಟಿದ್ದ ಮೇಜಿನ ಹಿಂದಕ್ಕೆ ಎಳೆದುಕೊಂಡು ಹೋದರು. "ಏನ್ರೀ ಇದು? ನೀವೂ ನನ್ನ ಹಾಗೆ ಬೆಂಗಳೂರಿನೋರು. ನೀವು ತಿನ್ನೋದು ನನ್ನ ಓಟನ್ನೇ ಅಲ್ವಾ? ಫ್ಲೋರಿಡಾ ಮಾಡ್ತಿದೀರಾ ಇಲ್ಲಿ?"

"ಸಾರ್, ನನಗೆ ಬೀಳೋದು ಒಂದೇ, ಅದೂ ನಂದೇ. ಬೆಳಗ್ಗೇನೇ ಬರೆದಿದ್ನಲ್ಲ…"

ಆ ಕಡೆಯಿಂದ ಶಿವಕ್ಕ ಸೆರಗು ಸಿಕ್ಕಿಸಿಕೊಂಡು ಬಂದರು. "ಕೆಂಟನ್ನಿನ ಮಂದಿ ಎಲ್ಲಾ ನನ್ನವರು. ನೀನೂ ಕೆಂಟನ್ನಿನವಽ. ನನ್ನ ಓಟು ಒಡ್ಯಾಕ ಈ ಡಾಕ್ಟ್ರು ನಿನ್ನ ನಿಂದ್ರಿಸ್ಯಾರೇನು?"

"ನಾನಾ?" ಎಂದರು ವಿಶ್ವನಾಥ್. "ನಿಮ್ಮ ಹೋಳಿಗೆ ತಿಂದೇ ಇವರು ನಿಂತಿರೋದು!"

"ಅಕ್ಕಾ, ಮೂರನೆಯವನು ಯಾರ ಓಟೂ ತಿನ್ನಲ್ಲ. ಅಮೆರಿಕದಲ್ಲಿ…"

"ಅಮೆರಿಕಾದ ಸುದ್ದಿ ಅಮೆರಿಕಾದಾಗ ಇಡು."

ಜಗದೇವಪ್ಪನವರು ಚಮಚದಿಂದ ಲೋಟ ಬಡಿದರು. "ವಿಶ್ವನಾಥ್ ಅವರಿಗೆ ಯಾರ ಯಾರದು? ಕೈ ಎತ್ರಿ."

ಬೆಳಗಿನ ಟ್ಯೂಬ್ ರೈಲಿನಲ್ಲಿ ಒಬ್ಬರ ಮುಖ ಒಬ್ಬರು ನೋಡದಂತೆ ಜನ ಚಾವಣಿ ನೋಡಿದರು, ಬಿಚ್ಚದ ಶೂ ಲೇಸು ಕಟ್ಟಿದರು. ಮೇಲೆದ್ದದ್ದು ಮೂರು ಕೈ: ವಿಶ್ವನಾಥರದು, ಅವರ ಹೆಂಡತಿ ಮೈತ್ರೇಯಿಯದು, ಅವರ ಭಾವಮೈದುನನದು.

"ಶಿವಕ್ಕಗ?" ಮತ್ತೆ ಮೂರೇ. ಆ ಮೂರೂ ಒಂದೇ ಮನೆಯವು.

"ಇನ್ನ ರಾಮಪ್ರಸಾದಗ?"

ರಾಮಪ್ರಸಾದ ನಾಚುತ್ತಾ ತನ್ನ ಕೈ ಎತ್ತಿದ. ಶ್ರೀವಿದ್ಯಾ ಎತ್ತಿದಳು. ಆಮೇಲೆ ಹಿಂದೆ ಕುರ್ಚಿಗಳು ಕಿರುಗುಟ್ಟಿದವು. ತಿರುಗಿ ನೋಡಿದರೆ ಕಬ್ಬಿನ ಗದ್ದೆ ಎದ್ದು ನಿಂತ ಹಾಗೆ ಕೈಗಳು. ಜಗದೇವಪ್ಪನವರು ಎರಡು ಸಲ ಎಣಿಸಿದರು. ಮೂವತ್ತೊಂದು.

"ಏನ್ರೋ ಇದು!" ಎಂದು ರಾಮಪ್ರಸಾದ ಅಮರನ ಕಡೆ ಬಾಗಿದ.

"ಸಾರ್, ಇಲ್ಲಿ ಯಾರ ಮಕ್ಕಳು ಶಿವಕ್ಕನ ಮನೇಲಿಲ್ಲ, ಯಾರ ಫಾರಂ ಡಾಕ್ಟ್ರ ಬ್ಯಾಗಲ್ಲಿಲ್ಲ ಹೇಳಿ? ನಿಮ್ಮ ಥಿಯರಿ ನೂರಕ್ಕೆ ನೂರು ಸರಿ. ನೀವು ನಿಲ್ಲದಿದ್ರೆ ನಾನು ಕಾರ್ ಪಾರ್ಕಲ್ಲಿ ಕೂತಿರ್ತಿದ್ದೆ."

"ನಾನು 'ಮಗೂಗೆ ವಾಂತಿ' ಅಂತ ಮೆಸೇಜ್ ಟೈಪ್ ಮಾಡಿ ಇಟ್ಕೊಂಡಿದ್ದೆ," ಎಂದಳು ಹಿಂದಿನ ಸಾಲಿನ ಸೌಜನ್ಯಾ. "ದೇವರ ಹಾಗೆ ಬಂದ್ರಿ, ಸಾರ್."

ಹಾರ ಬಂತು. ತಾನು ಯಾರ ಓಟನ್ನೂ ತಿಂದಿಲ್ಲ ಎಂಬುದಕ್ಕೆ ಮೂವತ್ತು ಸಾಕ್ಷಿಗಳು ಸಿಕ್ಕ ಖುಷಿಯಲ್ಲಿ ರಾಮಪ್ರಸಾದ ಕತ್ತು ಬಗ್ಗಿಸಿದ. ಕೈ ಎತ್ತಿ ಯಾರನ್ನೂ ಆರಿಸದೆ ಪಾರಾಗಿದ್ದೂ ಆಯಿತು.

"ನಿಂದ್ರು," ಎಂದರು ಜಗದೇವಪ್ಪ. ಹದಿನೆಂಟು ವರ್ಷಗಳಿಂದ ಯಾರೂ ತೆರೆಯದಿದ್ದ ನಿಯಮಾವಳಿಯ ಹಾಳೆ ಬಿಡಿಸಿ ಓದಿದರು. "'ಸೋತವರು ಮುನಿಸಿಕೊಂಡು ಬೇರೆ ಸಂಘ ಕಟ್ಟದಿರಲೆಂದು, ಸೋತ ಅಭ್ಯರ್ಥಿಯೇ ಉಪಾಧ್ಯಕ್ಷರಾಗತಕ್ಕದ್ದು. ಸೋತವರು ಒಬ್ಬರಿಗಿಂತ ಹೆಚ್ಚಿದ್ದಲ್ಲಿ, ಅವರಲ್ಲಿ ಒಬ್ಬರನ್ನು ನೂತನ ಅಧ್ಯಕ್ಷರು ಸಭೆಯ ಎದುರಿಗೇ ಆರಿಸತಕ್ಕದ್ದು.'"

ಕನ್ನಡಕ ತೆಗೆದು ರಾಮಪ್ರಸಾದನನ್ನು ನೋಡಿದರು. "ಇವರಿಬ್ಬರಽ ಇದ್ದಿದ್ರ ಒಬ್ಬರು ಅಧ್ಯಕ್ಷ, ಒಬ್ಬರು ಉಪಾಧ್ಯಕ್ಷ. ಯಾರಿಗೂ ಬ್ಯಾಸರ ಇರತಿರಲಿಲ್ಲ. ನಡುವ ನೀ ಬಂದಿ. ಇರಲಿ, ಹೇಳಪಾ ಈಗ. ಯಾರು?"

ಬಲಗಡೆ ವಿಶ್ವನಾಥ್ ಬ್ಯಾಗಿನಿಂದ ಫಾರಂ ತೆಗೆದು, ಪೆನ್ನಿನ ಮುಚ್ಚಳ ಬಿಚ್ಚದೆ ಹಿಡಿದು ಮುಗುಳ್ನಕ್ಕರು. ಎಡಗಡೆ ಶಿವಕ್ಕ ಸಾನ್ವಿಯನ್ನು ತೊಡೆಯ ಮೇಲೆ ಕೂರಿಸಿಕೊಂಡು ಜಡೆ ಸರಿಮಾಡುತ್ತ ಮುಗುಳ್ನಕ್ಕರು.

ರಾಮಪ್ರಸಾದ ಬೆವರು ಒರೆಸಿಕೊಂಡು ಸಭೆಯತ್ತ ನೋಡಿದ. "ಉಪಾಧ್ಯಕ್ಷರಾಗೋಕೆ… ಮೂರನೆಯವರು ಯಾರಾದ್ರೂ ಇದೀರಾ?"

ಈಗ ತಾನೇ ಮೇಲೆದ್ದಿದ್ದ ಕೈಗಳೆಲ್ಲ ಅವರವರ ಮಡಿಲಲ್ಲಿ ಅಲುಗದೆ ಕೂತಿದ್ದವು. ಶ್ರೀವಿದ್ಯಾಳವು ಕೂಡ.