ಶೇಕಡಾ ತೊಂಬತ್ತೆರಡು ಮುಗಿದ ಹುಡುಗಿ

ಮಂಡ್ಯ, ಮದ್ದೂರು, ಮಳವಳ್ಳಿ ತಾಲ್ಲೂಕುಗಳ ವಿದ್ಯಾನೆರವು ನಿಗಮದಲ್ಲಿ ಇದುವರೆಗೆ ಒಂದೇ ಒಂದು ತಪ್ಪೂ ನಡೆದಿಲ್ಲ ಎಂಬುದನ್ನು ಮೊದಲಿಗೇ ದಾಖಲಿಸುತ್ತೇನೆ. ನಡೆದಿದ್ದರೆ ಅದು ನನ್ನ ಟಪಾಲು ಪುಸ್ತಕದಲ್ಲಿ ಇರಬೇಕಿತ್ತು. ಹದಿನಾಲ್ಕು ವರ್ಷದಿಂದ ಅಲ್ಲಿ ಟಪಾಲು ನೋಡಿಕೊಳ್ಳುತ್ತಿರುವವನು ನಾನು. ಕೆಲಸ ಬೊಗಸೆ ಇಲ್ಲದವರು ಬಸ್‌ಸ್ಟ್ಯಾಂಡಿನಲ್ಲಿ ನಿಂತು ನಿಗಮದ ಬಗ್ಗೆ ಬಾಯಿಗೆ ಬಂದಂತೆ ಮಾತಾಡುವುದನ್ನು ಕೇಳಿ ಕೇಳಿ ನನಗೆ ರೋಸಿಹೋಗಿದೆ. ಅದಕ್ಕೇ ಕಿರುಗಾವಲಿನ ಕುಮಾರಿ ಚಂದನಳ ಪ್ರಕರಣವನ್ನು ನಡೆದದ್ದು ನಡೆದ ಹಾಗೆ ಬರೆಯುತ್ತಿದ್ದೇನೆ.

ನಿಗಮದ ಹನ್ನೊಂದನೇ ನಿಯಮದ ಪ್ರಕಾರ, ನೆರವು ಪಡೆಯುವ ವಿದ್ಯಾರ್ಥಿಯು ಪ್ರತಿ ವರ್ಷ ತೃಪ್ತಿಕರ ಪ್ರಗತಿಯನ್ನು ತೋರಿಸತಕ್ಕದ್ದು; ತೋರಿಸದಿದ್ದಲ್ಲಿ ನೆರವು ನಿಲ್ಲತಕ್ಕದ್ದು. ಇದರಲ್ಲಿ ಯಾರಿಗೂ ತಕರಾರಿಲ್ಲ. ಯಾವ ನಮೂನೆಯಲ್ಲಿ ತೋರಿಸಬೇಕು ಎಂಬುದನ್ನು ಮಾತ್ರ ಬರೆಯಲು ಬಿಟ್ಟುಹೋಗಿತ್ತು. ಅದೇ ಸಮಯಕ್ಕೆ ಚರಂಡಿ ಮತ್ತು ಮೋರಿ ಮಂಡಳಿ ಎಂಬುದೊಂದನ್ನು ಮುಚ್ಚಿ, ಅದರ ಎಂಜಿನಿಯರುಗಳು, ಬೀರುಗಳು, ಕೆಟ್ಟ ಫ್ಯಾನುಗಳ ಜೊತೆಗೆ ಅಚ್ಚಾಗಿದ್ದ ನಲವತ್ತು ಸಾವಿರ ಕಾಮಗಾರಿ ವರದಿ ನಮೂನೆಗಳನ್ನೂ ನಮಗೆ ವಹಿಸಿಕೊಟ್ಟರು. ದಾಸ್ತಾನಿನಲ್ಲಿರುವ ನಮೂನೆ ಮುಗಿಯುವ ತನಕ ಹೊಸದನ್ನು ಮುದ್ರಿಸತಕ್ಕದ್ದಲ್ಲ ಎಂದು ಆಡಿಟ್‌ನವರು ಷರಾ ಬರೆದರು. ಹೀಗಾಗಿ ಆ ವರ್ಷದಿಂದ ನಮ್ಮ ವಿದ್ಯಾರ್ಥಿಗಳೆಲ್ಲ ಕಾಮಗಾರಿಗಳಾದರು.

ಇದರಿಂದ ಯಾವ ತೊಂದರೆಯೂ ಆಗಲಿಲ್ಲ. 'ಕಾಮಗಾರಿಯ ಹೆಸರು' ಎಂಬಲ್ಲಿ ವಿದ್ಯಾರ್ಥಿಯ ಹೆಸರು, 'ಉದ್ದ' ಎಂಬಲ್ಲಿ ಎತ್ತರ ಬರೆದೆವು. 'ಹೂಳಿನ ಪ್ರಮಾಣ' ಎಂಬಲ್ಲಿ ಏನು ಬರೆಯಬೇಕೆಂದು ಒಂದು ವಾರ ಕಡತ ಓಡಾಡಿತು. ಕೊನೆಗೆ, ಫೇಲಾಗಿ ಉಳಿದ ಸಬ್ಜೆಕ್ಟುಗಳನ್ನು ಅಲ್ಲಿ ಬರೆಯಬಹುದೆಂದು ಸೂಚಿಸಿದವನು ನಾನೇ. ಇದಕ್ಕಾಗಿ ನನಗೆ ಪ್ರಶಂಸಾಪತ್ರ ಬರಬೇಕಿತ್ತು, ಬರಲಿಲ್ಲ.

ಚಂದನ ನಾನೂರ ಹದಿನೇಳನೇ ಕಾಮಗಾರಿ. ತಂದೆ ಚಲುವರಾಜು ಕಿರುಗಾವಲಿನ ರಾಗಿ ಮಿಲ್ಲಿನಲ್ಲಿ ಹಿಟ್ಟು ಬೀಸುವ ಕೆಲಸದಲ್ಲಿದ್ದಾರೆ. ತಾಯಿ ಇಂದ್ರಮ್ಮ ಮನೆ ನೋಡಿಕೊಳ್ಳುತ್ತಾರೆ. ಹುಡುಗಿ ದಿನಾ ಎರಡು ಬಸ್ಸು ಬದಲಾಯಿಸಿ, ಕಬ್ಬಿನ ಲಾರಿಗಳ ಹಿಂದೆ ತೆವಳಿಕೊಂಡು, ಭಾರತೀನಗರದ ಒಂದು ಖಾಸಗಿ ಕಾಲೇಜಿನಲ್ಲಿ ಬಿ.ಎಸ್ಸಿ. ಓದುತ್ತಿದ್ದಳು. ಬಸ್ಸು ಹೆಂಗಸರಿಗೆ ಪುಕ್ಕಟೆ, ಕಾಲೇಜಿನ ಫೀಸು ಪುಕ್ಕಟೆಯಲ್ಲ. ಅದನ್ನು ನಿಗಮ ಕಟ್ಟುತ್ತಿತ್ತು. ನಿಯಮದಂತೆ ಅವರ ಮನೆ ಮುಂದಿನ ನುಗ್ಗೆ ಮರಕ್ಕೆ 'ಕಾಮಗಾರಿ ಪ್ರಗತಿಯಲ್ಲಿದೆ, ನಿಧಾನವಾಗಿ ಚಲಿಸಿ' ಎಂಬ ಫಲಕವನ್ನೂ ಹಾಕಿಸಿದ್ದೆವು. ಊರಿನವರು ಅಲ್ಲಿಗೆ ಬಂದಾಗ ಬೈಕಿನಿಂದ ಇಳಿದು ತಳ್ಳಿಕೊಂಡು ಹೋಗುತ್ತಿದ್ದರು. ಅಷ್ಟು ಒಳ್ಳೆಯ ಜನ.

ಎರಡನೇ ವರ್ಷದ ಫಲಿತಾಂಶ ಬಂದಾಗ ಚಂದನಳಿಗೆ ಶೇಕಡಾ ತೊಂಬತ್ತೆರಡು ಬಂತು. ಮೂರನೇ ವರ್ಷದ ಫೀಸಿನ ಮೊದಲ ಕಂತು ಕಟ್ಟಲು ಜೂನ್ ಮೂವತ್ತು ಕಡೇ ದಿನ. ಕಟ್ಟದಿದ್ದರೆ ಓದು ಅಲ್ಲಿಗೇ ನಿಲ್ಲುತ್ತಿತ್ತು. ಮದ್ದೂರಿನ ಗಾರ್ಮೆಂಟ್ಸಿನಲ್ಲಿ ಜುಲೈ ಒಂದರಿಂದಲೇ ಬರಲಿ ಎಂದು ಸೋದರಮಾವ ಹೇಳಿಟ್ಟಿದ್ದ. ಮೇಷ್ಟರಾಗಬೇಕು, ಪಾಠ ಮಾಡಬೇಕು ಎಂದು ಆಸೆ ಇಟ್ಟುಕೊಂಡ ಹುಡುಗಿ ಅವಳು. ಅಪ್ಪನನ್ನು ಕರೆದುಕೊಂಡು ಸಂಭ್ರಮದಿಂದಲೇ ಮಂಡ್ಯದ ಕಚೇರಿಗೆ ಬಂದಳು.

ಸಹಾಯಕ ಎಂಜಿನಿಯರ್ ರಘುನಂದನ್ ಅವರು ಅಂಕಪಟ್ಟಿ ನೋಡಿ ಎದ್ದು ನಿಂತು ಕೈಕುಲುಕಿದರು. "ಅಭಿನಂದನೆ. ಎರಡೇ ವರ್ಷದಲ್ಲಿ ತೊಂಬತ್ತೆರಡು ಪರ್ಸೆಂಟು ಮುಗಿದಿದ್ದೀಯ. ಉಳಿದಿರೋದು ಎಂಟು. ಎಂಟು ಪರ್ಸೆಂಟು ನೆರವು ಮಂಜೂರು."

ಚಂದನಳಿಗೆ ಒಂದು ಕ್ಷಣ ಅರ್ಥವಾಗಲಿಲ್ಲ. "ಸಾರ್, ಅದು ಮಾರ್ಕ್ಸು. ಇನ್ನೂ ಒಂದು ವರ್ಷ ಪೂರ್ತಿ ಓದೋದಿದೆ."

"ವರ್ಷ ಇರಬಹುದಮ್ಮ. ಕೆಲಸ ಇಲ್ಲವಲ್ಲ. ಮುಗಿದ ಕೆಲಸಕ್ಕೆ ಮತ್ತೆ ಬಿಲ್ ಮಾಡಿದರೆ ನನ್ನ ಸಸ್ಪೆಂಡ್ ಮಾಡ್ತಾರೆ."

ಚಲುವರಾಜು ಕೈ ಮುಗಿದರು. "ಎಂಟ್ರಲ್ಲಿ ಏನ್ ಆಯ್ತದೆ ಸಾ? ಪುಸ್ತಕುಕ್ಕೂ ಸಾಕಾಗಕ್ಕಿಲ್ಲ."

ಪಕ್ಕದ ಮೇಜಿನಲ್ಲಿ ದುದ್ದದ ಪುನೀತ್ ಎಂಬ ಅದೇ ಕಾಲೇಜಿನ ಹುಡುಗ ಸಹಿ ಹಾಕುತ್ತಿದ್ದ. ಅವನಿಗೆ ಬಂದದ್ದು ಮೂವತ್ತಾರು. ಬಾಕಿ ಕೆಲಸ ಅರವತ್ತನಾಲ್ಕು ಪರ್ಸೆಂಟು, ಜೊತೆಗೆ ಮೂರು ಸಬ್ಜೆಕ್ಟಿನ ಹೂಳು ತೆಗೆಯಲು ಪ್ರತ್ಯೇಕ ಅನುದಾನ. ಅವನು ಚಂದನಳನ್ನು ನಿಜವಾದ ಮರುಕದಿಂದಲೇ ನೋಡಿದ. "ಅಷ್ಟೊಂದ್ ಓದು ಅಂತ ಯಾರ್ ಅಂದಿದ್ರು ನಿಂಗೆ? ಒಂದ್ ಮಾತ್ ನನ್ನ ಕೇಳ್ಬಾರ್ದಿತ್ತಾ?"

ಹುಡುಗಿ ಕಾರಿಡಾರಿನಲ್ಲಿ ನಿಂತು ಅತ್ತಳು. ನಮ್ಮ ಕಚೇರಿಯಲ್ಲಿ ಅಳುವವರು ಹೊಸಬರಲ್ಲ. ಆದರೆ ತೊಂಬತ್ತೆರಡು ತೆಗೆದುಕೊಂಡು ಅತ್ತವರನ್ನು ನಾನು ನೋಡಿರಲಿಲ್ಲ. ಅಧೀಕ್ಷಕರಾದ ಅಕ್ರಂ ಪಾಷಾ ಸಾಹೇಬರು ಹೊರಗೆ ಬಂದರು. ಮಳವಳ್ಳಿಯವರು, ಮೆತ್ತನೆ ಮನಸ್ಸಿನವರು.

"ಅಳ್ಬ್ಯಾಡ ಸುಮ್ಕಿರವ್ವ," ಎಂದರು. "ಮರು ಅಳತೆಗೆ ಅಂತ ಒಂದ್ ಅರ್ಜಿ ಕೊಡು. ಮನೆ ತಾವ್ಕೇ ಬಂದು ಪ್ರಶ್ನೆ ಕೇಳ್ತಾರೆ. ಎಲ್ಲಾದ್ಕೂ ತಪ್ಪು ಯೋಳ್ಬುಡು. ಕೆಲ್ಸ ಕಮ್ಮಿ ಮುಗುದದೆ ಅಂತ ಕಂಡ್ರೆ ಬಾಕಿ ಜಾಸ್ತಿ ಆಯ್ತದೆ."

"ಗೊತ್ತಿರೋದನ್ನ ಗೊತ್ತಿಲ್ಲ ಅಂತ ಹೇಗೆ ಸಾರ್ ಹೇಳೋದು?"

"ನಾವು ಮೂವತ್ ವರ್ಸದಿಂದ ಯೋಳ್ತಿಲ್ವೇನವ್ವ?" ಎಂದರು ಪಾಷಾ ಸಾಹೇಬರು.

ಜೂನ್ ಇಪ್ಪತ್ತೆರಡರ ಮಧ್ಯಾಹ್ನ ಸ್ಥಳ ಪರಿಶೀಲನೆ ನಿಗದಿಯಾಯಿತು. ಟೇಪಿನ ಇನ್ನೊಂದು ತುದಿ ಹಿಡಿಯಲು ನನ್ನನ್ನೂ ಕರೆದೊಯ್ದರು. ರಘುನಂದನ್ ಅವರು ಮೊದಲು ಚಂದನಳನ್ನು ಗೋಡೆಗೆ ನಿಲ್ಲಿಸಿ ಅಳೆದರು. ಐದು ಅಡಿ ಎರಡು ಇಂಚು. ಹೋದ ವರ್ಷವೂ ಅಷ್ಟೇ ಇತ್ತು. 'ಭೌತಿಕ ಪ್ರಗತಿ ಶೂನ್ಯ' ಎಂದು ಅವರು ಬರೆದುಕೊಂಡಾಗ ಚಲುವರಾಜು ಅವರ ಮುಖದಲ್ಲಿ ಜೀವ ಬಂತು. ನೆರೆಮನೆಯ ಮರಿತಾಯಮ್ಮನೂ ಜಗುಲಿಯ ಮೇಲೆ ಬಂದು ಕೂತು, "ಏನೂ ಬರ್ದೇ ಇರ್ಲಪ್ಪ ದೇವ್ರೇ" ಎಂದು ಕಣ್ಣು ಮುಚ್ಚಿದರು. ಆಮೇಲೆ ಪ್ರಶ್ನೆಗಳು. ಒಟ್ಟು ಇಪ್ಪತ್ತೈದು. ರಘುನಂದನ್ ಸಿವಿಲ್ ಡಿಪ್ಲೊಮಾ ಓದಿದವರಾದ್ದರಿಂದ ಉತ್ತರಗಳನ್ನು ಇನ್ನೊಂದು ಹಾಳೆಯಲ್ಲಿ ಬರೆದುಕೊಂಡು ಬಂದಿದ್ದರು.

"ಗಿಡಗಳು ತಮ್ಮ ಆಹಾರ ತಯಾರು ಮಾಡಿಕೊಳ್ಳೋದಕ್ಕೆ ಏನಂತಾರೆ?"

ಚಂದನ ಗೋಡೆ ನೋಡಿಕೊಂಡು ಹೇಳಿದಳು. "ಅಡುಗೆ ಸಾರ್."

"ಮನುಷ್ಯನ ಹೃದಯದಲ್ಲಿ ಎಷ್ಟು ಕೋಣೆ?"

"ಒಂದು ಹಾಲು, ಒಂದು ರೂಮು. ಅಟ್ಯಾಚ್ಡ್ ಇಲ್ಲ ಸಾರ್."

ಚಲುವರಾಜು ಹೆಮ್ಮೆಯಿಂದ ನನ್ನ ಕಡೆ ನೋಡಿದರು. ಹೀಗೇ ಹತ್ತು ಪ್ರಶ್ನೆ ಹೋದವು, ಹತ್ತೂ ತಪ್ಪು. ಹುಡುಗಿ ಪ್ರತಿ ತಪ್ಪನ್ನೂ ಹಲ್ಲು ಕೀಳಿಸಿಕೊಂಡ ಹಾಗೆ ನೋವಿನಿಂದ ಹೇಳುತ್ತಿದ್ದಳು. ಒಳಗೆ ಇಂದ್ರಮ್ಮ ಮುದ್ದೆ ತೊಳಸುತ್ತಿದ್ದರು. ಪ್ರತಿ ಉತ್ತರಕ್ಕೂ ಕೋಲು ಪಾತ್ರೆಗೆ ಕುಟ್ಟುವ ಸದ್ದು ಜೋರಾಗುತ್ತಿತ್ತು.

ಹನ್ನೊಂದನೇ ಪ್ರಶ್ನೆ. "ಜೀವಕೋಶಕ್ಕೆ ಶಕ್ತಿ ಕೊಡೋದು ಯಾವುದು?"

"ಕೆ.ಇ.ಬಿ. ಸಾರ್."

ಇಂದ್ರಮ್ಮ ಮುದ್ದೆ ಕೋಲು ಹಿಡಿದುಕೊಂಡೇ ಹೊರಗೆ ಬಂದರು. "ಅಯ್ಯೋ ನಿನ್ ಬಾಯ್ಗೆ ಮಣ್ಣಾಕ! ಮೈಟೋಕಾಂಡ್ರಿಯಾ ಕಣೇ! ಎಲ್ಡ್ ವರ್ಸ ನನ್ ಕಿವಿ ತೂತಾಗೋ ಅಂಗೆ ಓದ್ಬುಟ್ಟು ಈಗ ಕೆ.ಇ.ಬಿ. ಅಂತೀಯಲ್ಲ! ಮೊದಲ್ನೇದು ದ್ಯುತಿಸಂಶ್ಲೇಷಣೆ. ಎದೇಲಿ ನಾಕು ಕ್ವಾಣೆ. ಆ ಮೂರ್ನೇದು..."

"ಅವ್ವಾ, ಸುಮ್ನಿರು!" ಎಂದು ಚಂದನ ಕಿರುಚಿದಳು. ಚಲುವರಾಜು ತಲೆಯ ಮೇಲೆ ಕೈ ಹೊತ್ತುಕೊಂಡರು. ಇಂದ್ರಮ್ಮನಿಗೆ ತಾವೇನು ಮಾಡಿದೆವೆಂದು ಆಗ ಹೊಳೆಯಿತು. ಸೆರಗಿನಿಂದ ಬಾಯಿ ಮುಚ್ಚಿಕೊಂಡರು.

ರಘುನಂದನ್ ಅವರು ಪೆನ್ನಿನ ಮುಚ್ಚಳ ಹಾಕಿ, ಮತ್ತೆ ತೆಗೆದು, ಇಪ್ಪತ್ತೈದು ಪ್ರಶ್ನೆಗಳನ್ನೂ ಇಂದ್ರಮ್ಮನಿಗೆ ಕೇಳಿದರು. ಸುಳ್ಳು ಹೇಳಿ ಅಭ್ಯಾಸವಿಲ್ಲದ ಹೆಂಗಸು, ಹದಿನಾರಕ್ಕೆ ಸರಿಯಾಗಿ ಹೇಳಿಬಿಟ್ಟರು. ವರದಿ ಹೀಗೆ ಬಂತು: "ಕಾಮಗಾರಿ ಸ್ಥಳದಲ್ಲಿ ಸರಿ ಉತ್ತರಗಳು ಲಭ್ಯವಿದ್ದು, ಚಂದನಳ ಪ್ರಗತಿ ಶೇ. 92 ಎಂದೇ ಎತ್ತಿಹಿಡಿಯಲಾಗಿದೆ. ನಿಗಮದ ವೆಚ್ಚದಲ್ಲಿ ಕಲಿಸಿದ ವಿದ್ಯೆಯು ಅಡುಗೆಮನೆಯ ಕಡೆಗೆ ಸೋರಿಕೆಯಾಗಿರುವುದು ಕಂಡುಬಂದಿದೆ. ಮಂಜೂರಾತಿ ಇಲ್ಲದ ಇಂದ್ರಮ್ಮ ಎಂಬುವರಲ್ಲಿ ಶೇ. 64ರಷ್ಟು ಕೆಲಸ ಅನಧಿಕೃತವಾಗಿ ನಡೆದಿದೆ. ಏಕೆ ವಸೂಲಿ ಮಾಡಬಾರದು ಎಂಬುದಕ್ಕೆ ಮೂರು ದಿನದಲ್ಲಿ ಉತ್ತರಿಸುವುದು."

ಉತ್ತರಿಸಲು ಮೂವರೂ ಕಚೇರಿಗೆ ಬಂದರು. ಚಲುವರಾಜು ಕೂರಲೂ ಇಲ್ಲ. "ಇವ್ಳೇನ್ ಕದ್ದವ್ಳಾ ಸಾ? ಕೂಸು ಜೋರಾಗಿ ಓದ್ತಿತ್ತು, ಇವ್ಳು ಸೊಪ್ ಬುಡ್ಸ್ಕೊಂಡು ಕೇಳ್ತಿದ್ಲು. ಕಿವಿಗೆ ಬಾಗ್ಲು ಆಕ್ಸಕ್ಕಾಯ್ತದಾ?"

ಪಾಷಾ ಸಾಹೇಬರು ಕಡತವನ್ನು ಹಿಂದಕ್ಕೂ ಮುಂದಕ್ಕೂ ತಿರುವಿದರು. "ನೀವು ಎಲ್ಲಿಗಂಟ ಓದಿದ್ದೀರವ್ವ?"

"ಮಳವಳ್ಳೀಲಿ ಪಿಯುಸಿ ಸೈನ್ಸು. ಫಸ್ಟ್ ಕ್ಲಾಸು," ಎಂದರು ಇಂದ್ರಮ್ಮ ನೆಲ ನೋಡುತ್ತಾ. "ರಿಸಲ್ಟ್ ಬಂದ ವಾರುಕ್ಕೇ ಮದ್ವೆ ಮಾಡುದ್ರು."

ಸಾಹೇಬರ ಮುಖ ಅರಳಿತು. ಅನುಮತಿ ಇಲ್ಲದೆ ಕಟ್ಟಿದ ಮನೆಗಳನ್ನೇ ಸಕ್ರಮ ಮಾಡುವಾಗ, ಅನುಮತಿ ಇಲ್ಲದೆ ಕಲಿತ ಹೆಂಗಸನ್ನು ಸಕ್ರಮ ಮಾಡಬಾರದೆಂದು ಎಲ್ಲೂ ಹೇಳಿಲ್ಲ ಎಂದು ಟಿಪ್ಪಣಿ ಬರೆದರು. ಅಳತೆ ಪುಸ್ತಕದಲ್ಲಿ ನಮೂದಾಗದೆ ನಡೆದ ಕೆಲಸ ನಡೆದೇ ಇಲ್ಲವೆಂದು ಭಾವಿಸತಕ್ಕದ್ದು ಎಂಬ ಹಳೆಯ ಚರಂಡಿ ನಿಯಮವೂ ನೆರವಿಗೆ ಬಂತು. ಅದರಂತೆ ಶ್ರೀಮತಿ ಇಂದ್ರಮ್ಮ, ನಲವತ್ತೊಂದು ವರ್ಷ, ಹೊಸ ಕಾಮಗಾರಿ, ಬಾಕಿ ಕೆಲಸ ಶೇಕಡಾ ನೂರು, ಫೀಸು, ಪುಸ್ತಕ, ಊಟ ಎಲ್ಲ ಸೇರಿದ ಪೂರ್ಣ ನೆರವು ಎರಡು ಕಂತುಗಳಲ್ಲಿ. ಭಾರತೀನಗರದ ಅದೇ ಕಾಲೇಜಿನಲ್ಲಿ ಮೊದಲ ಬಿ.ಎಸ್ಸಿ.

ಆದೇಶ ಓದಿ ಹೇಳಿದಾಗ ಇಂದ್ರಮ್ಮ ಗೋಡೆಗೊರಗಿ ಬಿಕ್ಕಿ ಬಿಕ್ಕಿ ಅತ್ತರು. ಇಪ್ಪತ್ತಮೂರು ವರ್ಷದ ಹಿಂದೆ ಅಳಬೇಕಾಗಿದ್ದನ್ನು ಈಗ ಅತ್ತರೇನೋ. ಅದನ್ನು ದಾಖಲಿಸಲು ಟಪಾಲು ಪುಸ್ತಕದಲ್ಲಿ ಕಾಲಂ ಇಲ್ಲ.

ತಾಯಿಯ ಮೊದಲ ಕಂತಿನಲ್ಲಿ ಜೂನ್ ಮೂವತ್ತರ ಸಂಜೆ ನಾಲ್ಕಕ್ಕೆ ಮಗಳ ಫೀಸನ್ನೂ ಕಟ್ಟಿದರು. ಇಬ್ಬರೂ ಒಂದೇ ಬಸ್ಸಿನಲ್ಲಿ, ಒಂದೇ ಸೀಟಿನಲ್ಲಿ ಕಾಲೇಜಿಗೆ ಹೋಗತೊಡಗಿದರು. ನೆರವಿನ ಎರಡನೇ ಕಂತು ಬರುವುದು ನವೆಂಬರಿನ ಟೆಸ್ಟಿನ ನಂತರ, ಆಗ ಉಳಿದಿರುವ ಬಾಕಿ ಕೆಲಸಕ್ಕೆ ತಕ್ಕಂತೆ. ಚಂದನ ತಾಯಿಗೆ ದಿನಾ ಬುದ್ಧಿ ಹೇಳುತ್ತಿದ್ದಳು: "ಅವ್ವ, ಹಿಂದ್ಗಡೆ ಬೆಂಚಲ್ಲಿ ಕೂತ್ಕೊ. ಕಿಟಕಿ ಆಚೆ ನೋಡ್ತಿರು. ಇಪ್ಪತ್ತಕ್ಕೆ ನಾಲ್ಕರ ಮೇಲೆ ಬರದಂಗೆ ನೋಡ್ಕೊ." ಇಂದ್ರಮ್ಮ ಆಗಲಿ ಎನ್ನುತ್ತಿದ್ದರು. ಮನಸ್ಸಿನಲ್ಲೂ ಹಾಗೇ ಅಂದುಕೊಂಡಿದ್ದರು, ಪಾಪ.

ನವೆಂಬರಿನ ಒಂದು ಸಂಜೆ ಅವರು ಬಸ್ಸಿಳಿದು ಹೆಚ್ಚುಕಡಿಮೆ ಓಡಿಕೊಂಡೇ ಮನೆಗೆ ಬಂದರು. ಆ ದಿನ ಚಂದನಳಿಗೆ ಕ್ಲಾಸು ಇರಲಿಲ್ಲ, ಬಾಗಿಲಲ್ಲೇ ಕೂತಿದ್ದಳು.

"ಹದ್ನೆಂಟು ಬಂತು ಕಣೇ! ಇಪ್ಪತ್ತಕ್ಕೆ ಹದ್ನೆಂಟು! ಮೇಡಮ್ಮು ಎಲ್ರ ಕೈಲೂ ಚಪ್ಪಾಳೆ ಒಡ್ಸುದ್ರು!"

ಚಂದನ ಕೈಯಲ್ಲಿದ್ದ ಪುಸ್ತಕ ಮುಚ್ಚಿದಳು. "ಅವ್ವಾ... ನಾಲ್ಕು ಅಂದಿದ್ನಲ್ಲವ್ವಾ."

"ಪ್ರಶ್ನೆ ನೋಡ್ದೆ. ಗೊತ್ತಿದ್ವು. ಕೈ ಸುಮ್ಕಿರ್ನಿಲ್ಲ ಕಣೇ," ಎಂದ ಇಂದ್ರಮ್ಮ ಉತ್ತರಪತ್ರಿಕೆಯನ್ನು ಸೆರಗಿನಲ್ಲಿ ಮುಚ್ಚಿಕೊಂಡರು.

ಸುದ್ದಿ ತಿಳಿದು ಊರಿನವರು ಒಬ್ಬೊಬ್ಬರಾಗಿ ಬಂದು ಮಾತಾಡಿಸಿಕೊಂಡು ಹೋದರು. ಗಂಡಸರು ಹೆಗಲ ಮೇಲಿನ ಟವೆಲ್ ತೆಗೆದು ಜಗುಲಿಯ ಮೇಲೆ ಕೂತು ಎದ್ದರು. ಒಲೆ ಹಚ್ಚಿರುವುದಿಲ್ಲವೆಂದು ಮರಿತಾಯಮ್ಮ ಮುದ್ದೆ, ಉಪ್ಸಾರು ತಂದಿಟ್ಟು ಇಂದ್ರಮ್ಮನ ಬೆನ್ನು ಸವರಿದರು. "ಬುಡವ್ವ, ಬೇಕು ಅಂತ ಯಾರಾರ ಅಷ್ಟ್ ತಗೊಂಡರಾ? ಅಣೇಲಿ ಬರ್ದಿತ್ತು, ಬಂತು. ಎಲ್ಡ್ ತುತ್ ಉಣ್ಣು."

ಮರುದಿನ ರಘುನಂದನ್ ಅವರೂ ನಾನೂ ಅಳತೆಗೆ ಹೋದೆವು. ತೊಂಬತ್ತು ಪರ್ಸೆಂಟು ಮುಗಿದಿದೆ, ಬಾಕಿ ಹತ್ತು ಎಂದು ಬರೆದುಕೊಂಡರು. ಚಂದನ ಗಾರ್ಮೆಂಟ್ಸಿನ ಅರ್ಜಿಯನ್ನು ಆಗಲೇ ತುಂಬಿಸಿ ಇಟ್ಟುಕೊಂಡಿದ್ದಳು. ಹೊರಟಿದ್ದ ರಘುನಂದನ್ ಅವರು ಅದನ್ನು ನೋಡಿ ನಿಂತು ಕೇಳಿದರು, "ಮನೇಲಿ ಏನೂ ಗೊತ್ತಿಲ್ಲದೋರು ಇನ್ಯಾರಾದರೂ ಉಳಿದಿದ್ದಾರಾ?"

ಚಲುವರಾಜು ಮೂಲೆಯಿಂದ ಎದ್ದು ಬಂದರು. "ನಾನಿವ್ನಿ ಸಾ. ಎಸ್ಸೆಲ್ಸಿ ಮೂರ್ ಸಲ ಡುಮ್ಕಿ. ಆಮ್ಯಾಕೆ ಆ ದಿಕ್ಗೆ ತಲೆ ಆಕ್ಕೊಂಡೂ ಮಲ್ಗಿಲ್ಲ."

ಇಪ್ಪತ್ತೈದು ಪ್ರಶ್ನೆ ಕೇಳಿದರು. ಒಂದಕ್ಕೂ ಉತ್ತರ ಬರಲಿಲ್ಲ. ಮೈಟೋಕಾಂಡ್ರಿಯಾ ಅಂದರೆ ಯಾವ ಊರಿನ ಕಡೆ ಬರುತ್ತದೆ ಎಂದು ಅವರೇ ತಿರುಗಿ ಕೇಳಿದರು. ಇಷ್ಟು ಚೊಕ್ಕವಾದ ಖಾಲಿ ನಿವೇಶನವನ್ನು ತಮ್ಮ ಸರ್ವಿಸಿನಲ್ಲೇ ನೋಡಿಲ್ಲವೆಂದು ರಘುನಂದನ್ ಅವರು ಮೆಚ್ಚಿ ಬರೆದರು. ಪೂರ್ಣ ನೆರವು ಮಂಜೂರಾಯಿತು. ಆ ಹಣದಲ್ಲಿ ಚಂದನಳ ಫೀಸಿನ ಎರಡನೇ ಕಂತೂ, ಇಂದ್ರಮ್ಮನ ಎರಡನೇ ಕಂತೂ ಒಂದೇ ದಿನ ಕಟ್ಟಿ ಮುಗಿಯಿತು. ಚಲುವರಾಜು ಮಾರ್ಚಿಯಲ್ಲಿ ಎಸ್ಸೆಲ್ಸಿ ಪರೀಕ್ಷೆಗೆ ಕೂರುತ್ತಾರೆ. ಅಲ್ಲಿಯ ತನಕ ಅವರು ಇದ್ದ ಹಾಗೇ ಇರಬೇಕೆಂಬುದು ನಿಗಮದ ಒಂದೇ ಷರತ್ತು.

ಈಗ ಸಂಜೆ ತಾಯಿ ಮಗಳು ಎದುರುಬದುರು ಕೂತು ಗಟ್ಟಿಯಾಗಿ ಓದುತ್ತಾರೆ. ಅದಕ್ಕೆ ಮುಂಚೆ ಇಂದ್ರಮ್ಮ ಗಂಡನನ್ನು ಹತ್ತಿರ ಕೂರಿಸಿಕೊಂಡು, ಒಂದಕ್ಷರವೂ ಒಳಗೆ ಹೋಗದ ಹಾಗೆ, ಎರಡೂ ಕಿವಿಗೆ ಹತ್ತಿ ಇಡುತ್ತಾರೆ.