ದೊಡ್ಡ ಕೈಗೊಂದು ರೇಜರ್ ಹಿಡಿಕೆ

ಮನುಷ್ಯನ ಗಡ್ಡಕ್ಕೂ ಅವನ ತಂದೆಯ ಆಯುಷ್ಯಕ್ಕೂ ಯಾವ ಸಂಬಂಧವೂ ಇಲ್ಲವೆಂದು ನಾನು ಬಹಳ ದಿನ ನಂಬಿದ್ದೆ. ನಾಲ್ಕಕ್ಷರ ಓದಿದವನಾದ್ದರಿಂದ ನಂಬಿಕೆ ಗಟ್ಟಿಯಾಗಿಯೇ ಇತ್ತು.

ಆಗ ನಾನು ಚಿತ್ತಾಪುರದ ಶಾಲೆಯಲ್ಲಿ ಮಾಸ್ತರ. ನಿಜಾಮರ ಆಡಳಿತ ಮುಗಿದು, ಉರ್ದು ಬರೆದ ಹಲಗೆಗಳ ಮೇಲೆ ಕನ್ನಡ ಅಕ್ಷರ ಮೂಡುತ್ತಿದ್ದ ಕಾಲ. ಹೈದರಾಬಾದಿನಲ್ಲಿದ್ದ ನನ್ನ ಹೆಂಡತಿಯ ಅಣ್ಣ ಒಂದು ಸೇಫ್ಟಿ ರೇಜರ್ ತಂದುಕೊಟ್ಟರು. ಅಲ್ಲಿಯ ತನಕ ಹಡಪದ ಮಲ್ಲಪ್ಪ ವಾರಕ್ಕೊಮ್ಮೆ ಮನೆಗೆ ಬಂದು, ಕಟ್ಟೆಯ ಮೇಲೆ ನನ್ನನ್ನು ಕೂರಿಸಿ, ಊರ ಸುದ್ದಿಯನ್ನೆಲ್ಲ ಹೇಳುತ್ತ ಕ್ಷೌರ ಮಾಡುತ್ತಿದ್ದ.

"ಮಲ್ಲಪ್ಪ, ಇನ್ನ ನೀ ಬರೋದು ಬ್ಯಾಡ," ಎಂದೆ ಗಂಭೀರವಾಗಿ. "ದೇಶ ಸ್ವತಂತ್ರ ಆಗ್ಯಾದ. ನನ್ನ ಗಡ್ಡ ನಾನೇ ನೋಡ್ಕೋತೀನಿ."

"ಆಗ್ಲೇಳ್ರಿ ಮಾಸ್ತರ್," ಎಂದು ಮಲ್ಲಪ್ಪ ಪೆಟ್ಟಿಗೆ ಮುಚ್ಚಿಕೊಂಡು ಹೋದ. ಹೋಗುವಾಗ ಹಿಂದಿರುಗಿ ನೋಡಲಿಲ್ಲ. ಅದಕ್ಕೆ ನನಗೆ ಸ್ವಲ್ಪ ಬೇಜಾರಾಯಿತು.

ತೊಂದರೆ ರೇಜರಿನದಲ್ಲ, ನನ್ನ ಕೈಯದು. ನಮ್ಮ ಮನೆತನದ ಗಂಡಸರ ಕೈಗಳು ದೊಡ್ಡವು. ನಾಲವಾರದಲ್ಲಿ ಒಕ್ಕಲುತನ ಮಾಡುವ ನನ್ನ ಅಪ್ಪ ದೊಡ್ಡ ಕುಂಬಳಕಾಯಿಯನ್ನು ಒಂದೇ ಕೈಯಲ್ಲಿ ಎತ್ತುತ್ತಿದ್ದ. ನಾನು ಸೀಮೆಸುಣ್ಣ ಹಿಡಿದರೆ ಹುಡುಗರಿಗೆ ಸೀಮೆಸುಣ್ಣವೇ ಕಾಣುತ್ತಿರಲಿಲ್ಲ. ಇಂಥ ಕೈಗೆ ಆ ರೇಜರಿನ ಹಿಡಿಕೆ ಬರೀ ಒಂದು ಕಡ್ಡಿ! ಸೋಪು ಹತ್ತಿತೆಂದರೆ ಬೆರಳ ಸಂದಿಯಿಂದ ಜಾರಿ ಚರಿಗೆಯೊಳಗೆ ಬೀಳುತ್ತಿತ್ತು. ಗಡ್ಡ ಮಾಡಿಕೊಳ್ಳುವುದಕ್ಕಿಂತ ಅದನ್ನು ನೀರಿನಿಂದ ಎತ್ತುವುದರಲ್ಲೇ ನನ್ನ ಬೆಳಗು ಹೋಗುತ್ತಿತ್ತು.

"ನಮ್ಮಣ್ಣ ಹಲ್ಲಾಗ ಸಿಕ್ಕಿದ್ದು ತೆಗಿಲಿಕ್ಕ ಕೊಟ್ಟಿರಬೇಕು ನೋಡ್ರಿ," ಎಂದಳು ನನ್ನ ಹೆಂಡತಿ ಶಾಂತಮ್ಮ. "ಸುಮ್ಮ ಮಲ್ಲಪ್ಪಗ ಹೇಳಿ ಕಳಸ್ರಿ."

ಒಮ್ಮೆ ಬೇಡವೆಂದವನನ್ನು ಮತ್ತೆ ಕರೆಯುವುದೆ? ಸಾಧ್ಯವಿಲ್ಲ! ದೊಡ್ಡ ಹಿಡಿಕೆಯ ಶೋಧಕ್ಕೆ ಹೊರಟೆ.

ಶಹಾಬಾದಿನ ಅಂಗಡಿಯವನು ತನ್ನಲ್ಲಿದ್ದ ರೇಜರುಗಳನ್ನೆಲ್ಲ ಹರವಿದ. ಎಲ್ಲವೂ ಒಂದೇ ತಾಯಿಯ ಮಕ್ಕಳು, ಎಲ್ಲವೂ ಸಣಕಲು. ನನ್ನ ಕೈಯನ್ನು ತಿರುಗಿಸಿ ಮುರುಗಿಸಿ ನೋಡಿ, "ನಿಮಗ ಫರಸಿ ಕಲ್ಲ ಒಡಿಯೋ ಸುತ್ತಿಗಿ ತೋರಸ್ಲೇನ್ರಿ?" ಎಂದ. ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ನಾನು ನಗಲಿಲ್ಲ.

ವಾಡಿಯಲ್ಲಿ ರೈಲ್ವೆ ನೌಕರನೊಬ್ಬ ಹಿಡಿಕೆಗೆ ದಪ್ಪನೆಯ ಹಿತ್ತಾಳೆ ಕೊಳವೆ ತೊಡಿಸಿಕೊಟ್ಟ. ಹಿಡಿಯಲು ಸುಖವಾಗಿತ್ತು. ಆದರೆ ಎರಡನೆಯ ದಿನವೇ ಅದರ ಭಾರಕ್ಕೆ ಕೈ ಸೋತು, ಅದು ಕಾಲ ಹೆಬ್ಬೆರಳಿನ ಮೇಲೆ ಬಿತ್ತು. ಗಡ್ಡ ಮಾಡಿಕೊಳ್ಳಲು ಹೋಗಿ ಕುಂಟುವ ಮಾಸ್ತರನನ್ನು ಚಿತ್ತಾಪುರ ಅದೇ ಮೊದಲು ನೋಡಿತು.

ಕೊನೆಗೆ ಆ ಕೊಳವೆ ಕಳಚಿ ಸೇಡಮ್ಮಿಗೆ ಹೋದೆ. ಅಲ್ಲಿ ಖಾಸಿಂ ಸಾಬ್ ಎಂಬ ಖರಾದಿ, ಕಟ್ಟಿಗೆಯನ್ನು ತಿರುಗಿಸಿ ತೊಟ್ಟಿಲ ಕಾಲು, ಲಟ್ಟಣಿಗೆ ಮಾಡುವವನು. ನನ್ನ ಅಂಗೈಯ ಅಳತೆ ತೆಗೆದುಕೊಂಡು ಒಂದು ಹಿಡಿಕೆ ಮಾಡಿದ. ಆಹಾ! ನಡುವೆ ಉಬ್ಬು, ತುದಿಗೆ ಬುಗುಟು, ಮೈಮೇಲೆ ಕೆಂಪು ಹಸಿರು ಬಳೆ. ಅದರೊಳಗೆ ರಂಧ್ರ ಕೊರೆದು, ರೇಜರಿನ ಸಣ್ಣ ಹಿಡಿಕೆಯನ್ನು ಇಳಿಸಿ, ಸುತ್ತ ಅರಗು ಕರಗಿಸಿ ತುಂಬಿದ.

"ಮಾಸ್ತರ್ ಸಾಬ್, ಇನ್ನ ಅಡ್ಡ ಒಂದ್ ಮೊಳಿ ಹೊಡಿಬೇಕು. ಸೋಮವಾರ ಬರ್ರಿ," ಎಂದ.

"ಗುರುವಾರ ಮನಿಗಿ ಬೀಗರು ಬರ್ಲಿಕತ್ತಾರ. ಮೊಳಿ ಗಿಳಿ ಏನೂ ಬ್ಯಾಡ, ಭಾಳ ಗಟ್ಟಿ ಅದ," ಎಂದು ಅವನ ಕೈಯಿಂದ ಕಿತ್ತುಕೊಂಡೇ ಬಂದೆ.

ಬೀಗರು ಬರುವುದು ನನ್ನ ತಂಗಿ ಗೌರಮ್ಮನ ನಿಶ್ಚಯಕ್ಕೆ. ತಾಯಿಯಿಲ್ಲದ ಹುಡುಗಿ, ನನ್ನ ಮನೆಯಲ್ಲೇ ಬೆಳೆದವಳು. ನೋಡಿ ಹೋದ ಗಂಡುಗಳು ಹಲವರು. ಸುಲೇಪೇಟದ ಈ ಹುಡುಗನ ಹೆಸರು ಬಂದಾಗ ಮಾತ್ರ ಆಕೆ ತಲೆ ಬಗ್ಗಿಸಿ ಒಳಗೆ ಓಡಿದ್ದಳು. ಬೀಗರು ಬಸ್ಸಿನಲ್ಲಿ ಸೇಡಮ್ಮಿಗೆ ಬಂದು ಅಲ್ಲಿಂದ ಬೆಳಗಿನ ರೈಲು ಹಿಡಿಯುವವರಿದ್ದರು. ಅಪ್ಪ ನಾಲವಾರದಿಂದ ಹೊರಟು, ವಾಡಿಯಲ್ಲಿ ರೈಲು ಬದಲಿಸಿ, ಮಧ್ಯಾಹ್ನಕ್ಕೆ ಬರುವವನಿದ್ದ.

ಗುರುವಾರ ಬೆಳಿಗ್ಗೆ ಕನ್ನಡಿಯ ಮುಂದೆ ಕುಳಿತೆ. ಶುಭದಿನವೆಂದು ಶಾಂತಮ್ಮ ಹಂಡೆಯಿಂದ ಕುದಿಯುವ ನೀರನ್ನೇ ತಂದಿಟ್ಟಳು. ರೇಜರನ್ನು ಅದರಲ್ಲಿ ಚೆನ್ನಾಗಿ ಅದ್ದಿದೆ. ಬಿಸಿಗೆ ಅರಗು ಮೆತ್ತಗಾಗುತ್ತದೆಂಬುದು ನನಗೆ ಗೊತ್ತಿಲ್ಲದ ಸಂಗತಿಯಲ್ಲ. ಹಿಂದಿನ ವಾರವಷ್ಟೇ ಮೂರನೆಯ ಇಯತ್ತೆಗೆ ಪಾಠ ಮಾಡಿದ್ದೆ!

ಎಡಗೆನ್ನೆ ಮುಗಿಯಿತು. ಮೀಸೆಯ ಅಂಚನ್ನು ಸರಿಮಾಡಲು ರೇಜರ್ ಎತ್ತಿದೆ. ನನ್ನ ಕೈ ಒಂದು ಕಡೆ ನಿಂತಿತು, ರೇಜರಿನ ತಲೆ ಇನ್ನೊಂದು ಕಡೆ ತಿರುಗಿತು. ಎಡಮೀಸೆಯ ಅರ್ಧ ಹೋಯಿತು. ಸಮ ಮಾಡೋಣವೆಂದು ಬಲಗಡೆ ಸ್ವಲ್ಪ ತೆಗೆದೆ. ಬಲ ಹೆಚ್ಚಾಯಿತು, ಎಡ ತೆಗೆದೆ. ಕೊನೆಗೆ ಮೂಗಿನ ಕೆಳಗೆ ನೊಣದಷ್ಟು ಉಳಿಯಿತು. ಅದನ್ನು ನೋಡಿ ನನಗೇ ಹೇಸಿಗೆಯಾಗಿ ಅದನ್ನೂ ತೆಗೆದುಬಿಟ್ಟೆ.

ನಮ್ಮಲ್ಲಿ ಗಂಡಸು ಮೀಸೆ ತೆಗೆಸುವುದು ಹೆತ್ತವರು ತೀರಿಕೊಂಡಾಗ ಮಾತ್ರ. ನನ್ನ ತಾಯಿ ಹೋಗಿ ವರ್ಷಗಳಾಗಿದ್ದವು. ಉಳಿದವನು ಅಪ್ಪನೊಬ್ಬನೇ. ಇದು ಇಡೀ ಓಣಿಗೆ ಗೊತ್ತು.

ನೀರು ಚೆಲ್ಲಲು ಹೊರಗೆ ಬಂದೆ. ಎದುರುಮನೆಯ ಮುದುಕಿ ಕಲ್ಲಮ್ಮ ನನ್ನ ಮುಖ ನೋಡಿದಳು. ಕೈಯಲ್ಲಿದ್ದ ಮೊರ ಕೆಳಗೆ ಬಿತ್ತು.

"ಹೋದೇನೋ ನಮ್ಮಪ್ಪಾ! ದಸರಿಗಿ ಬಂದಾಗ ನನ್ನ ಕೈಯ್ಯಾನ ಚಾ ಕುಡ್ದು ಹೋಗಿದ್ದೆಲ್ಲೋ!" ಎಂದು ಓಣಿ ಕೇಳುವಂತೆ ಅಳತೊಡಗಿದಳು.

"ಕಲ್ಲಮ್ಮಾಯಿ, ಅಪ್ಪ ಛಂದ ಅದಾನ! ಇವತ್ತು ಮಧ್ಯಾಹ್ನ ಬರ್ತಾನ!" ಎಂದು ಕೂಗಿದೆ.

"ಪಾಪ, ದುಃಖಕ್ಕ ತೆಲಿ ಕೆಟ್ಟದ," ಎಂದು ಆಕೆ ಇನ್ನೂ ಜೋರಾಗಿ ಅತ್ತಳು.

ಜನ ಸೇರಿದರು. ಯಾರೋ ಬಾಗಿಲ ತೋರಣ ಬಿಚ್ಚಿದರು. ಸಾವಿನ ಮನೆಯಲ್ಲಿ ಒಲೆ ಉರಿಯಬಾರದೆಂದು ನೆರೆಯವರು ಒಳಗೆ ನುಗ್ಗಿ ಹೂರಣ ಬೇಯುತ್ತಿದ್ದ ಒಲೆಗೆ ನೀರು ಹೊಯ್ದರು. ಮೇಲಿಂದ ರೊಟ್ಟಿ, ಪಿಟ್ಲ ತಂದಿಟ್ಟು, "ಒಂದ್ ತುತ್ತರ ತಿನ್ರಿ, ಧೈರ್ಯ ತಗೋರಿ," ಎಂದರು. ಶಾಂತಮ್ಮ ಸೌಟು ಹಿಡಿದುಕೊಂಡು, "ಅಯ್ಯ, ಯಾರೂ ಸತ್ತಿಲ್ರೆವ್ವಾ, ಇವರ ಮೀಸಿ ಅಷ್ಟೇ ಸತ್ತದ!" ಎಂದು ಬಾಯಿ ಬಡಿದುಕೊಂಡಳು. ಸೊಸೆಗೂ ತಲೆ ಕೆಟ್ಟಿದೆ ಎಂದರು.

ಅಷ್ಟರಲ್ಲಿ ಬೀಗರು ಬಂದರು. ಸ್ಟೇಷನ್ನಿನಲ್ಲೇ ಸುದ್ದಿ ಸಿಕ್ಕಿತ್ತು. ಹುಡುಗನ ತಂದೆ ಶರಣಪ್ಪನವರು ತಲೆಯ ರುಮಾಲು ತೆಗೆದು, ಕಟ್ಟೆಯ ಮೇಲೆ ಕುಳಿತರು. ನಾನು ಅವರ ಮುಂದೆ ನಿಂತು ನಡೆದುದನ್ನೆಲ್ಲ ಹೇಳಿದೆ. ರೇಜರ್, ಖರಾದಿ, ಅರಗು, ಬಿಸಿನೀರು, ಒಂದನ್ನೂ ಬಿಡಲಿಲ್ಲ. ಸಾಕ್ಷಿಗೆಂದು ಹಿಡಿಕೆಯನ್ನೂ ತೋರಿಸಿದೆ. ಅವರು ಅದನ್ನು ನೋಡಿದರು, ನನ್ನನ್ನು ನೋಡಿದರು.

"ತೊಟ್ಟಲ್ದ ಕಾಲ್ಲೆ ಯಾರಾದ್ರ ಗಡ್ಡ ಕೆರ್ಕೊಂತಾರೇನ್ರಿ ಮಾಸ್ತರ್?" ಎಂದರು ಮೆಲ್ಲಗೆ. "ಲಗ್ನ ನಿಂದರ್ತದಂತ ಹಿಂಗ ಸಾವು ಮುಚ್ಚಿಡಬಾರ್ದು. ವರ್ಷ ಕಳೀಲಿ, ಆಮ್ಯಾಲ ನೋಡಮು."

ಹುಡುಗನ ಅಜ್ಜಿ ಹಾಸಿಗೆ ಹಿಡಿದಿದ್ದಳು, ಈ ವರ್ಷವೇ ಮದುವೆ ನೋಡಬೇಕೆಂದು ಹಟ ಹಿಡಿದಿದ್ದಳು. ವರ್ಷ ಕಳೆಯುವುದೆಂದರೆ ಬೇರೆ ಹುಡುಗಿಯನ್ನು ನೋಡುವುದೆಂದೇ ಅರ್ಥ. ಒಳಗೆ ಗೌರಮ್ಮ ಅಳುವುದು ಕೇಳಿಸಿತು. "ಅಪ್ಪನ್ ಮ್ಯಾಲ ಭಾಳ ಜೀವ," ಎಂದರು ಹೆಂಗಸರು. ಅವಳು ಯಾರಿಗಾಗಿ ಅಳುತ್ತಿದ್ದಳೆಂದು ನನಗೆ ಗೊತ್ತಿತ್ತು. ಆಗ ನನಗೆ ನನ್ನ ಕೈಗಳನ್ನು ಕಡಿದು ಹಾಕಬೇಕೆನಿಸಿತು.

ಬೀಗರು ಸ್ಟೇಷನ್ನಿಗೆ ಎದ್ದು ನಡೆದರು. ನಾನು ಹಿಂದೆಯೇ ಬೇಡಿಕೊಳ್ಳುತ್ತ ಓಡಿದೆ. ನನ್ನ ಹಿಂದೆ, ಮಾಸ್ತರ ರೈಲಿಗೆ ಬಿದ್ದಾನೆಂದು, ಅರ್ಧ ಓಣಿ. ವಾಡಿ ಕಡೆಯಿಂದ ರೈಲು ಬಂದು ನಿಂತಿತು. ಶರಣಪ್ಪನವರು ಮೆಟ್ಟಿಲ ಮೇಲೆ ಒಂದು ಕಾಲಿಟ್ಟರು. ಅದೇ ಡಬ್ಬಿಯಿಂದ, ಹೆಗಲ ಮೇಲೊಂದು ಗಂಟು ಹೊತ್ತು, ಅಪ್ಪ ಇಳಿಯುತ್ತಿದ್ದ!

"ಶರಣರಿ ಬೀಗರ! ಎಲ್ಲಿಗಿ ಹೊಂಟ್ರಿ? ನಾ ಬರೋದ್ರಾಗ ಊಟ ಮುಗಿಸ್ಬಿಟ್ಟ್ರೇನ್?" ಎಂದ.

ಶರಣಪ್ಪನವರು ಮೆಟ್ಟಿಲಿನಿಂದ ಜಾರಿ ಬೀಳುವುದೊಂದು ಬಾಕಿ. ಕಲ್ಲಮ್ಮ ಅಳು ನಿಲ್ಲಿಸಿ ಬಾಯಿ ತೆರೆದು ನಿಂತಳು. ಅಪ್ಪನ ಕಣ್ಣು ನನ್ನ ಬೋಳು ತುಟಿಯ ಮೇಲೆ ಬಿತ್ತು. ಅವನು ಗಂಟು ಕೆಳಗಿಟ್ಟ.

"ಯಾರ್ ಹೋದ್ರೋ ತಮ್ಮಾ?"

"ನೀನೇ ಯಪ್ಪಾ," ಎಂದೆ.

ನಿಶ್ಚಯ ಅಂದೇ ಆಯಿತು. ತೋರಣ ಮತ್ತೆ ಕಟ್ಟಿದರು, ಒಲೆ ಮತ್ತೆ ಹೊತ್ತಿತು, ಹೂರಣಕ್ಕೆ ಸ್ವಲ್ಪ ಹೊಗೆಯ ವಾಸನೆ ಇತ್ತು. ಬೋಳು ತುಟಿ ಶುಭಕ್ಕೆ ಎದುರಾಗಬಾರದೆಂದು ಹಿರಿಯರು ನನ್ನನ್ನು ಹಿತ್ತಲಿಗೆ ಕಳಿಸಿದರು. ಸಾಕಿದ ತಂಗಿಯ ಉಡಿ ತುಂಬುವ ಹೊತ್ತಿನಲ್ಲಿ ನಾನು ಕಟ್ಟಿಗೆ ಒಟ್ಟಿಲಿನ ಮೇಲೆ ಕುಳಿತು ಬರೀ ಹಾಡು ಕೇಳಿದೆ. ಬಹಳ ಸಂಕಟವಾಯಿತು.

ಊಟ ಮುಗಿಸಿ ಅಪ್ಪ ಹಿತ್ತಲಿಗೆ ಬಂದು ನನ್ನ ಪಕ್ಕದಲ್ಲಿ ಕುಳಿತ. ಬಯ್ಯುತ್ತಾನೆಂದು ಕಾದೆ. ಅವನು ಎಲೆ ಅಡಿಕೆ ಹಾಕಿಕೊಂಡ.

"ಯಾರ್ಯಾರ್ ಅತ್ರು?" ಎಂದು ಕೇಳಿದ.

"ಕಲ್ಲಮ್ಮಾಯಿ ಭಾಳ ಅತ್ಲು. ಓಣಿ ಹೆಣ್ಮಕ್ಕಳೆಲ್ಲಾ ಅತ್ರು."

ಅವನಿಗೆ ಸಮಾಧಾನವಾದಂತೆ ಕಂಡಿತು. ನನ್ನ ಕೈಯನ್ನು ತನ್ನ ಕೈಯೊಳಗೆ ತೆಗೆದುಕೊಂಡ. ಅದರೊಳಗೆ ನನ್ನದು ಹುಡುಗನ ಕೈಯಂತೆ ಅಡಗಿತು.

"ಮತ್ತ ನೀ?"

ಬೆಳಗಿನಿಂದ ಓಡಾಡಿದ್ದೆ, ಬೇಡಿದ್ದೆ, ಕೂಗಿದ್ದೆ. ಅಳಲು ಪುರುಸೊತ್ತು ಆಗಿರಲಿಲ್ಲ. ಆಗ ಅಳು ಬಂತು. ಕಣ್ಣೀರು ಮೂಗಿನ ಪಕ್ಕದಿಂದ ಇಳಿದು ನೇರ ಬಾಯಿಗೇ ಬಂತು. ತಡೆಯಲು ಮೀಸೆ ಇರಲಿಲ್ಲ.